ಹದಿನಾಲ್ಕರ ನಂತರ ಹದಿನಾರು

ಬೈಲಹೊಂಗಲದ ಹಳೆ ಪೇಟೆಯ ಹಿಂದಿನ ಓಣಿ. ನಸುಕಿನ ನಾಲ್ಕೂವರೆಗೆ ಅಲ್ಲಿ ರೊಟ್ಟಿ ಬಡಿಯುವ ಸಪ್ಪಳ ಏಳುತ್ತದೆ. ಒಂದೇ ಕೋಣೆ, ಮೂರು ಒಲೆ, ನಾಲ್ಕು ಹೆಂಗಸರು. ಐದೂವರೆಗೆ ಒಂದು ಜೊತೆ ಕೈ ನಿಲ್ಲುತ್ತದೆ. ಅರವತ್ತೊಂದರ ಇಂದ್ರವ್ವ ಹಿಟ್ಟಿನ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಗೂಡಿನಲ್ಲಿಟ್ಟ ತೆಳ್ಳನೆಯ ಪುಸ್ತಕ ತೆಗೆಯುತ್ತಾರೆ. ಲೂಕನು ಬರೆದ ಸುವಾರ್ತೆ, ಯೇಸುಸ್ವಾಮಿಯ ಜೀವನದ ಕಥೆ. ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಬಸವಣ್ಣನ ಫೋಟೊ. ಆ ಫೋಟೊದ ಹಿಂದೆ ಸಿಕ್ಕಿಸಿಟ್ಟ ಒಂದು ಲಗ್ನಪತ್ರಿಕೆ. ಹದಿನೈದು ದಿನದಿಂದ ಅದು ಅಲ್ಲೇ ಇದೆ. ಲಗ್ನ ನಾಳೆ, ಭಾನುವಾರ. ಇಂದ್ರವ್ವ ಹೋಗುತ್ತಾರೋ ಇಲ್ಲವೋ ಎಂಬುದೇ ಈ ಕೋಣೆಯ ದೊಡ್ಡ ಚಿಂತೆ.

ಒಂಬತ್ತು ಗಂಟೆಯೊಳಗೆ ಇಲ್ಲಿಂದ ಐದುನೂರು ಜೋಳದ ರೊಟ್ಟಿ ಊರಿನ ಖಾನಾವಳಿಗಳಿಗೆ ಹೋಗಬೇಕು. ಇಂದ್ರವ್ವ ಓದುವ ಅರ್ಧ ತಾಸಿನಲ್ಲಿ ಅವರ ಪಾಲಿನ ಮೂವತ್ತು ರೊಟ್ಟಿಯನ್ನು ಉಳಿದವರು ಬಡಿಯುತ್ತಾರೆ. ಇದಕ್ಕೆ ಇವರ ಬಾಯಲ್ಲಿ ‘ಓದಿನ ಪಾಲು’ ಎಂದು ಹೆಸರು. ಈ ಪದ್ಧತಿ ಹುಟ್ಟಿದ್ದೂ ಅದೇ ಪುಸ್ತಕದಿಂದ. ಮನೆಗೆ ಬಂದ ಯೇಸುವಿನ ಮಾತು ಕೇಳುತ್ತ ಮರಿಯಳು ಕುಳಿತುಬಿಟ್ಟಾಗ, ಒಬ್ಬಳೇ ಅಡುಗೆ ಮಾಡುತ್ತಿದ್ದ ಅಕ್ಕ ಮಾರ್ಥಳು ಸಿಟ್ಟಾಗುವ ಪ್ರಸಂಗ ಓದಿದ ದಿನ ಇಲ್ಲಿ ಜಗಳವೇ ಆಯಿತಂತೆ.

“ಮಾರ್ಥಾ ಹೇಳಿದ್ರಾಗ ತಪ್ಪೇನೈತಿ?” ಎಂದವರು ಎಲ್ಲರಿಗಿಂತ ಹಿರಿಯರಾದ ಕಾಡವ್ವ. “ಎಲ್ಲಾರೂ ಕೇಳಾಕ ಕುಂತ್ರ ಎಸರು ಇಡಾಕಿ ಯಾರು? ನಮ್ಮ ಕೈ ಮಾರ್ಥಾ ಆಗಲಿ, ಕಿವಿ ಮರಿಯಾ ಆಗಲಿ. ನೀ ಓದವಾ, ನಿನ್ನ ರೊಟ್ಟಿ ನಾವು ಬಡೀತೇವಿ.”

ಪುಸ್ತಕ ಇಂದ್ರವ್ವನಿಗೆ ಬಂದದ್ದು ಓಣಿಯ ರಾಹೇಲಬಾಯಿಯಿಂದ. ನರ್ಸ್ ಕೆಲಸದಿಂದ ನಿವೃತ್ತರಾಗಿ ಮನೆಯಲ್ಲಿದ್ದ ಆ ತಾಯಿ ಬೆಳಿಗ್ಗೆ ಬಂದು ಒಲೆಯ ಮುಂದೆ ಓದುತ್ತಿದ್ದರು. ಕಣ್ಣು ಮಂಜಾದಾಗ, “ನಾಲ್ಕನೇತ್ತೆ ಸಾಲಿ ಕಲತೀದಿ, ಸಾಕು” ಎಂದು ಪುಸ್ತಕವನ್ನು ಇಂದ್ರವ್ವನ ಮಡಿಲಿಗೆ ಹಾಕಿದರು. ವಾರಕ್ಕೊಂದು ಅಧ್ಯಾಯ, ಸೋಮವಾರಕ್ಕೆ ಶುರು. ಇಪ್ಪತ್ತನಾಲ್ಕು ವಾರಕ್ಕೆ ಒಂದು ಸುತ್ತು. ಈಗ ನಡೆದಿರುವುದು ಐದನೆಯ ಸುತ್ತು.

ಕೇಳುವವರು ಬಾಯಿ ಮುಚ್ಚಿ ಕೇಳುವವರಲ್ಲ. ಕೂಸು ಯೇಸುವನ್ನು ದನದ ಗೋದಲಿಯಲ್ಲಿ ಮಲಗಿಸಿದ್ದು ಓದಿದರೆ ಮೀನಾ, “ಬಸರಿ ಹೆಂಗಸಿಗೆ ಒಂದ್ ಖೋಲಿ ಕೊಡಲಿಲ್ಲಲ್ಲ, ಎಂಥಾ ಊರದು!” ಎಂದು ಹಂಚಿನ ಮೇಲಿನ ರೊಟ್ಟಿಯನ್ನು ಸಿಟ್ಟಿನಿಂದ ತಿರುವಿಹಾಕುತ್ತಾಳೆ. ಯೇಸುವಿನ ಸಮಾಧಿ ಬರಿದಾಗಿದ್ದು ಮೊದಲು ಗೊತ್ತಾದದ್ದು ಹೆಂಗಸರಿಗೆ, ಗಂಡಸರು ಅದನ್ನು ನಂಬಲಿಲ್ಲ ಎನ್ನುವಲ್ಲಿ ಕಾಡವ್ವ ಪ್ರತಿ ಸುತ್ತಿನಲ್ಲೂ ನಗುತ್ತಾರೆ. “ನಸುಕಿನ್ಯಾಗ ಎದ್ದಾಕಿಗೆ ಗೊತ್ತಾಗೂದು, ಬಿಸಲೇರಿದ ಮ್ಯಾಲೆ ಎದ್ದಾಂವಗ ಏನ್ ಗೊತ್ತಾಗತೈತಿ?”

ಈ ವರ್ಷ ಶೀತಲ ಕೆಲಸಕ್ಕೆ ಸೇರಿದ್ದಾಳೆ. ಬೆಂದ ರೊಟ್ಟಿಯನ್ನು ಎಣಿಸಿ ಬುಟ್ಟಿಗೆ ಒಟ್ಟುವುದು ಅವಳ ಪಾಲಿನ ಕೆಲಸ. ಪ್ರತಿ ಸೋಮವಾರ “ಇದು ಎಷ್ಟನೇದ್ರೀ ಅತ್ತಿ?” ಎಂದು ಅಧ್ಯಾಯದ ಲೆಕ್ಕವನ್ನೂ ಕೇಳಿಟ್ಟುಕೊಳ್ಳುತ್ತಾಳೆ. ಮೂರು ವಾರದ ಹಿಂದೆ ಇಂದ್ರವ್ವ “ಹದಿನಾರು” ಎಂದರು. ಶೀತಲಳ ಕೈ ಬುಟ್ಟಿಯ ಮೇಲೆಯೇ ನಿಂತಿತು.

“ಹೋದ ವಾರ ಹದಿನಾಕ್ಕು ಇತ್ತು. ಹದಿನೈದು ಎಲ್ಲಿ ಹೋತ್ರೀ?”

“ಅದು ಬ್ಯಾಡ ಬಿಡವಾ.”

“ಹಂಗ ಹೆಂಗ?” ಎಂದರು ಕಾಡವ್ವ. “ಬುಟ್ಟಿಯಾಗ ಒಂದ್ ರೊಟ್ಟಿ ಕಡಿಮಿ ಬಿದ್ರ ಖಾನಾವಳಿಯಾಂವ ಬಿಡತಾನೇನು? ನಾಕು ಸುತ್ತು ನಮಗ ಕಡಿಮಿ ಹಾಕೀದಿ. ತಗಿ ಅದನ್ನ.”

ಇಂದ್ರವ್ವ ಓದಿದರು. ಅವರ ಧ್ವನಿ ಅಷ್ಟು ತಡವರಿಸಿದ್ದನ್ನು ಯಾರೂ ಕೇಳಿರಲಿಲ್ಲ. ಯೇಸು ಹೇಳಿದ ಒಂದು ಕಥೆ: ಒಬ್ಬ ತಂದೆಯ ಕಿರಿಮಗ ತನ್ನ ಪಾಲು ಕಿತ್ತುಕೊಂಡು ಹೋಗಿ ಎಲ್ಲ ಹಾಳುಮಾಡಿ ಬರುತ್ತಾನೆ. ತಂದೆ ಓಡಿಹೋಗಿ ಅಪ್ಪಿಕೊಂಡು ಹಬ್ಬ ಮಾಡಿಸುತ್ತಾನೆ. ಹೊಲದಿಂದ ಬಂದ ಹಿರಿಮಗ ಸಿಟ್ಟಿಗೆದ್ದು ಹೊರಗೇ ನಿಲ್ಲುತ್ತಾನೆ. ತಂದೆ ಹೊರಬಂದು ಬೇಡಿಕೊಳ್ಳುತ್ತಾನೆ. ಅಲ್ಲಿಗೆ ಕಥೆ ಮುಗಿಯುತ್ತದೆ.

“ಆಮ್ಯಾಲೆ? ಒಳಗ ಹೋದ್ನಾ?” ಕಾಡವ್ವ ಕೇಳಿದರು.

“ಅದನ್ನ ಬರದಿಲ್ಲ.”

“ಹಾಳಿ ಅಂಟಕೊಂಡಾವೇನ್ ನೋಡು.” ಓದು ಬಾರದ ಕಾಡವ್ವ ಪುಸ್ತಕ ಇಸಿದುಕೊಂಡು ಹೆಬ್ಬೆರಳಿನಿಂದ ಹಾಳೆ ತಿಕ್ಕಿ ನೋಡಿದರು. ಆ ಹಿಟ್ಟಿನ ಗುರುತು ಇಂದಿಗೂ ಅಲ್ಲಿದೆ.

ಅಂದೇ ಇಂದ್ರವ್ವ ಬಾಯಿ ಬಿಟ್ಟರು. ಒಡಹುಟ್ಟಿದ ತಮ್ಮ ದುರ್ಗಪ್ಪ ಪಾಲಿನ ಹೊಲ ಮಾರಿಕೊಂಡು ಗೋವಾಕ್ಕೆ ಹೋದದ್ದು, ಗಂಡನನ್ನು ಕಳೆದುಕೊಂಡಿದ್ದ ತಾವು ಇದೇ ಕೋಣೆಯಲ್ಲಿ ರೊಟ್ಟಿ ಬಡಿಯುತ್ತ ಹಾಸಿಗೆ ಹಿಡಿದ ಅಪ್ಪನನ್ನು ಆರು ವರ್ಷ ನೋಡಿಕೊಂಡದ್ದು.

“ಒಂದಿನ ಬಂದಾ, ಕಾಲಾಗ ಚಪ್ಪಲ್ ಸೈತ ಇಲ್ಲ. ನಮ್ಮಪ್ಪ ಅತ್ತಾ, ನಕ್ಕಾ, ‘ಇಂದ್ರಾ, ಹೋಳಿಗಿ ಮಾಡು’ ಅಂದಾ. ನನಗ ಆರು ವರ್ಷದಾಗ ಒಂದಿನ ‘ನೀ ಉಂಡೇನವಾ’ ಅಂತ ಕೇಳಿರಲಿಲ್ಲ. ಹೋಳಿಗಿ ಮಾಡಿದಾಕಿ ನಾನ. ಬಾಯಾಗ ಹಾಕಲಿಲ್ಲ. ಹದಿನೈದು ದಿನಕ್ಕ ಅಪ್ಪ ಹ್ವಾದ.”

ಅದಾಗಿ ಹದಿನಾಲ್ಕು ವರ್ಷ. ದುರ್ಗಪ್ಪ ಹೆಂಡತಿ, ಚಿಕ್ಕ ಮಗಳು ಇದ್ದ ಮಾವನ ಊರು ಸುರೇಬಾನಕ್ಕೆ ಹೋಗಿ, ಕಬ್ಬಿನ ಟ್ರ್ಯಾಕ್ಟರ್ ಓಡಿಸಿ ನೆಲೆ ನಿಂತರು. ಇಂದ್ರವ್ವ ಆ ಮನೆಯ ನೀರು ಕುಡಿದಿಲ್ಲ. “ಮೊದಲನೇ ಸುತ್ತಿನ್ಯಾಗ ಒಬ್ಬಾಕೀನ ಓದಿ ನೋಡಿದ್ನಿ. ನಮ್ಮನಿ ಸುದ್ದಿ ಇವರಿಗೆ ಯಾರ್ ಹೇಳಿದ್ರು ಅನಿಸ್ತು. ಆವತ್ತಿಂದ ಹಾರಿಸಿಬಿಟ್ನಿ.”

ಇದೆಲ್ಲ ಹೇಳಿ ಒಂದು ವಾರಕ್ಕೆ ದುರ್ಗಪ್ಪನೇ ಬಾಗಿಲಿಗೆ ಬಂದರು, ಮಗಳು ಸ್ನೇಹಲ್‌ಳ ಲಗ್ನಪತ್ರಿಕೆ ಹಿಡಿದು. “ಅಕ್ಕಾ, ನೀ ಬರದಿದ್ರ ಅಕ್ಷತಿ ಹಾಕ್ಸೂದಿಲ್ಲ” ಎಂದರಂತೆ. ಅಕ್ಕ ಪತ್ರಿಕೆ ಇಸಿದುಕೊಂಡರು; ಒಳಗೆ ಕರೆಯಲಿಲ್ಲ.

ಅಂದಿನಿಂದ ಕೋಣೆಯಲ್ಲಿ ಎರಡು ಪಕ್ಷ. ಹಿರಿಮಗ ಹಬ್ಬಕ್ಕೆ ಒಳಗೆ ಹೋದ ಎನ್ನುವುದು ಕಾಡವ್ವನ ವಾದ: “ಹಸದಾಂವ ಎಷ್ಟೊತ್ತು ನಿಂತಾನು?” ಹೋಗಿರಲಿಕ್ಕಿಲ್ಲ ಎನ್ನುವುದು ಮೀನಾಳ ವಾದ: “ದುಡದಾಕಿ ಸಿಟ್ಟು ನಿಮಗೇನ್ ಗೊತ್ತು?” ದುಡಿದವನು ಯಾವಾಗ ದುಡಿದಾಕಿ ಆದಳೋ, ಯಾರೂ ಗಮನಿಸಿದಂತಿಲ್ಲ. ಇಂದ್ರವ್ವ ಮಾತ್ರ ಮುಂದಿನ ಅಧ್ಯಾಯ ತೆಗೆಯುತ್ತಾರೆ.

ಇಂದು ಓದು ಮುಗಿದ ಮೇಲೆ ಅವರು ಮತ್ತೆ ಹಿಟ್ಟಿಗೆ ಕೂಡುತ್ತಾರೆ. ಐದುನೂರು ತುಂಬಿತೆಂದು ಶೀತಲ ಕೂಗಿದರೂ ಅವರ ಕೈ ನಿಲ್ಲುವುದಿಲ್ಲ. ಎಳ್ಳು ಹಚ್ಚಿ ತೆಳ್ಳಗೆ ಬಡಿದ ರೊಟ್ಟಿಗಳು ಒಂದೊಂದೇ ಬೇರೆ ಬುಟ್ಟಿಗೆ ಬೀಳುತ್ತವೆ.

“ಇವು ಯಾವ ಖಾನಾವಳಿಗ್ರೀ ಅತ್ತಿ?”

“ಎಣಸಬ್ಯಾಡ. ಇದು ಬುತ್ತಿ,” ಎನ್ನುತ್ತಾರೆ ಇಂದ್ರವ್ವ. ಲಗ್ನದ ಮನೆಗೆ ಬೀಗರು ಬಳಗದವರು ರೊಟ್ಟಿಬುತ್ತಿ ಒಯ್ಯುವುದು ಈ ಕಡೆಯ ರೂಢಿ. ಕಾಡವ್ವ ತಮ್ಮ ಹಂಚನ್ನೂ ಅತ್ತ ಸರಿಸಿ, ಬುತ್ತಿಗೆ ಬಡಿಯಲು ಕೂಡುತ್ತಾರೆ.

ಸುರೇಬಾನದ ಕಡೆಗಿನ ಹತ್ತು ಗಂಟೆಯ ರಾಮದುರ್ಗದ ಬಸ್ಸಿಗೆ ಇಂದ್ರವ್ವ ಇಳಕಲ್ ಸೀರೆ ಉಟ್ಟು ನಿಂತಿದ್ದಾರೆ. ಬಿಳಿ ಬಟ್ಟೆಯಲ್ಲಿ ಕಟ್ಟಿದ ಬುತ್ತಿ ಇನ್ನೂ ಬಿಸಿ ಇದೆ. ಎರಡು ದಿನಕ್ಕೆ ಪುಸ್ತಕ ಶೀತಲಳ ಕೈಯಲ್ಲಿ.

“ಕತಿ ಬರದವರು ಹಿರಿಮಗನ್ನ ಹೊರಗ ನಿಲ್ಲಿಸಿ ಹೋಗ್ಯಾರ,” ಎನ್ನುತ್ತಾರೆ ಅವರು. “ಒಳಗ ಹ್ವಾದ್ರ ಏನಾಗತೈತಿ ಅಂತ ಸೋಮವಾರ ಬಂದು ನಾ ಹೇಳತೇನಿ.”

ಲಗ್ನದಲ್ಲಿ ಬೇರೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಬುತ್ತಿಯನ್ನು ಇನ್ನೊಂದು ಕೈಗೆ ಬದಲಿಸುತ್ತಾರೆ.

“ಹೋಳಿಗಿ ಮಾಡಸ್ಯಾರಂತ. ಈ ಸಲ ಎರಡು ತಿಂದು ಬರತೇನಿ.”