ಭಾವನ ಪೆಟ್ಟಿಗೆ, ಸಾಹೇಬರ ಕಿವಿ

ನಮ್ಮ ಭಾವ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಹೇಳುವುದನ್ನು ಕೇಳಿದರೆ ನಿಮಗೆ ಅನುಮಾನ ಬರಬಹುದು. ಒಳ್ಳೆಯವರು, ಆದರೆ ಒಂದು ಹಿಡಿದರೆ ಬಿಡುವವರಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಕೆಲಸ ಪುರಸಭೆಯ ಕಚೇರಿಯಲ್ಲಿ. ಸದಸ್ಯರು ತಿಂಗಳಿಗೊಮ್ಮೆ ಸಭೆ ಸೇರಿ ಮೇಜು ಕುಟ್ಟಿ ಮಾತಾಡುತ್ತಾರಲ್ಲ, ಅದೆಲ್ಲ ರೆಕಾರ್ಡ್ ಆಗುತ್ತದೆ. ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ, ಯಾರು ಏನಂದರು ಎಂಬುದನ್ನು ಒಂದಕ್ಷರ ಬಿಡದೆ ಕಂಪ್ಯೂಟರಿನಲ್ಲಿ ಟೈಪ್ ಮಾಡುವುದು ಭಾವನ ಕೆಲಸ. ಇಪ್ಪತ್ತೆರಡು ವರ್ಷದಿಂದ ಇದೇ. ಚರಂಡಿ, ಬೀದಿದೀಪ, ನಾಯಿಕಾಟಗಳ ಬಗ್ಗೆ ಅವರಷ್ಟು ಕೇಳಿಸಿಕೊಂಡ ಮನುಷ್ಯ ಇನ್ನೊಬ್ಬನಿಲ್ಲ. "ಈ ಊರು ಆಡಿದ ಮಾತೆಲ್ಲ ನನ್ನ ಬೆರಳಿಂದಲೇ ಇಳಿದಿರೋದು" ಎಂದು ಹೇಳುವಾಗ ಅವರ ಬೆನ್ನು ನೆಟ್ಟಗಾಗುತ್ತದೆ.

ನಾನು ಕನ್ನಡಕದ ಅಂಗಡಿಯವಳು. ಕತ್ತಲೆ ಕೋಣೆಯಲ್ಲಿ ಜನರನ್ನು ಕೂರಿಸಿ, ಗಾಜು ಬದಲಿಸುತ್ತ, "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ದಿನಕ್ಕೆ ಇನ್ನೂರು ಸಲ ಕೇಳುವವಳು. ಭಾವ ನನ್ನನ್ನು ಕರೆಯುವುದೇ 'ಕನ್ನಡಕದಮ್ಮ' ಎಂದು.

ಇನ್ನು ಭಾವನ ಕಷ್ಟ. ರೆಕಾರ್ಡಿಂಗಿನಲ್ಲಿ ಮಾತು ಕೇಳಿಸದಿದ್ದರೆ ಕಂಸದಲ್ಲಿ 'ಅಸ್ಪಷ್ಟ' ಎಂದು ಹಾಕಬೇಕು, ಊಹಿಸಿ ಬರೆಯುವ ಹಾಗಿಲ್ಲ. ಮೊದಲೆಲ್ಲ ಒಂದು ಸಭೆಗೆ ಮೂರೋ ನಾಲ್ಕೋ ಅಸ್ಪಷ್ಟ ಇರುತ್ತಿದ್ದವು. ಹೋದ ವರ್ಷ ಇಪ್ಪತ್ತಕ್ಕೇರಿದವು. ಈ ವರ್ಷದ ಮೊದಲ ಸಭೆಗೆ ನಲವತ್ತೇಳು! ಗಂಟಲಲ್ಲೇ ಮಾತಾಡುವ ಒಬ್ಬ ಸದಸ್ಯರಿದ್ದಾರೆ, ಕಚೇರಿಯವರೆಲ್ಲ ಗುಟ್ಟಾಗಿ ಅವರಿಗೆ ಗೊಣಗಪ್ಪ ಎನ್ನುತ್ತಾರೆ. ಅವರ ಇಡೀ ಭಾಷಣ ಅಚ್ಚಾದದ್ದು ಹೀಗೆ: "ಮಾನ್ಯ ಅಧ್ಯಕ್ಷರೇ, (ಅಸ್ಪಷ್ಟ) ಚರಂಡಿ (ಅಸ್ಪಷ್ಟ) ನಾಚಿಕೆಯಾಗಬೇಕು (ಅಸ್ಪಷ್ಟ)." ಅದನ್ನು ಓದಿದ ಗೊಣಗಪ್ಪ ಮುಂದಿನ ಸಭೆಯಲ್ಲಿ ಎದ್ದು ನಿಂತು ಕೂಗಾಡಿದರಂತೆ. ಆ ಕೂಗಾಟ ಮಾತ್ರ ಭಾವನಿಗೆ ಸ್ಪಷ್ಟವಾಗಿ ಕೇಳಿಸಿತು.

ಸಾಹೇಬರು ಭಾವನನ್ನು ಕರೆದು ಹೇಳಿಯೇಬಿಟ್ಟರು.

"ರೀ, ಈ ಸಭೆದು ನೋಡ್ತೀನಿ. ಹತ್ತಕ್ಕಿಂತ ಒಂದು ಅಸ್ಪಷ್ಟ ಜಾಸ್ತಿ ಬಂದ್ರೂ ಈ ಕೆಲಸ ಹೊರಗಿನವರಿಗೆ ಕೊಡೋದೇ. ನೀವು ಹಳೇ ಕಡತದ ಕೋಣೆಗೆ ಹೋಗಿ ಧೂಳು ಹೊಡ್ಕೊಂಡು ಕೂತಿರಿ."

ಅದನ್ನು ಒಪ್ಪಿಸಲು ಎರಡು ವಾರ ಸಮಯವಿತ್ತು. ಭಾವ ಮನೆಗೆ ಬಂದು ಆ ಸಂಜೆ ಚಹಾ ಕೂಡ ಕುಡಿಯಲಿಲ್ಲ. ಇಪ್ಪತ್ತೆರಡು ವರ್ಷ ಕೂತ ಕುರ್ಚಿ ಹೋಗುತ್ತದೆಂದರೆ ಸುಮ್ಮನೆಯೇ? 

ಆದರೆ ತಪ್ಪು ತಮ್ಮದಿರಬಹುದು ಎಂಬ ಯೋಚನೆ ಭಾವನ ಹತ್ತಿರವೂ ಸುಳಿಯಲಿಲ್ಲ. ಹೋದ ವರ್ಷ ಕಚೇರಿಯವರು ಮನೆಗೂ ಒಯ್ಯಬಹುದಾದ ಹೊಸ ಕಂಪ್ಯೂಟರ್ ಕೊಟ್ಟಿದ್ದರು, ಭಾವನಿಗೆ ಕಳ್ಳ ಸಿಕ್ಕಿಬಿದ್ದ. "ಈ ಕಂಪ್ಯೂಟರ್‌ಗಳು ಸದ್ದು ನುಂಗುತ್ತವೆ. ಒಳಗಡೆ ಹೆಡ್‌ಫೋನಿಗೆ ಅಂತ ಕೊಟ್ಟಿರೋದು ಕಾಸಿಗೆ ಬಾರದ ಒಂದು ಚಿಪ್ಪು" ಎಂದರು. ನಾಲ್ಕು ದಿನ ಇಂಟರ್‌ನೆಟ್ಟಿನಲ್ಲಿ ಮುಳುಗೆದ್ದು ಒಂದು ಪೆಟ್ಟಿಗೆ ತರಿಸಿದರು. ಹೆಡ್‌ಫೋನ್ ಆಂಪ್ಲಿಫೈಯರ್ ಅಂತೆ ಅದರ ಹೆಸರು. ಸೋಪಿನ ಡಬ್ಬಿಯ ಎರಡರಷ್ಟು ದೊಡ್ಡದು, ಕಪ್ಪು ಬಣ್ಣ, ಮುಂದೆ ಒಂದು ದಪ್ಪ ತಿರುಗುಗುಂಡಿ. ಕಂಪ್ಯೂಟರಿಗೂ ಹೆಡ್‌ಫೋನಿಗೂ ನಡುವೆ ಕೂತು ಸದ್ದನ್ನು ತಿದ್ದಿ ಕೊಡುತ್ತದಂತೆ. ಹಿಡಿಸದಿದ್ದರೆ ಹತ್ತು ದಿನದಲ್ಲಿ ವಾಪಸ್ ಕಳಿಸಬಹುದು.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಎಂದಳು ಅಕ್ಕ.

ಭಾವ ಅದಕ್ಕೆ ಉತ್ತರ ಕೊಡಲಿಲ್ಲ. ಅವರು ಉತ್ತರ ಕೊಡುವುದೇ ಕಡಿಮೆ, ಅಕ್ಕನ ಬಹಳ ಹಳೆಯ ದೂರು ಇದು. "ನೋಡೇ, ಆಫೀಸಲ್ಲಿ ಸಾಹೇಬರು ಒಂದು 'ರೀ' ಅಂದ್ರೆ ಸಾಕು, ಸ್ಪ್ರಿಂಗ್ ಹಾಕಿದ ಹಾಗೆ ಏಳ್ತಾರಂತೆ. ಇಲ್ಲಿ ಹತ್ತು 'ರೀ' ಅಂದ್ರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಜಾಣಕಿವುಡು ಕಣೇ, ಪಕ್ಕಾ ಜಾಣಕಿವುಡು!" ಊಟದ ಮೇಜಿನಲ್ಲಿ ಭಾವನ ಕುರ್ಚಿಯ ಎಡಕ್ಕೆ ಅಂಟಿದಂತೆ ಗೋಡೆ, ಬಲಕ್ಕೆ ಅಕ್ಕ. ಮದುವೆಯಾಗಿ ಹದಿನೆಂಟು ವರ್ಷವೂ ಅದೇ ಜಾಗ. ದಿನದ ವರದಿಯೆಲ್ಲ ಅವಳು ಅಲ್ಲಿಂದಲೇ ಒಪ್ಪಿಸುತ್ತಾಳೆ, ಭಾವ ಎಲ್ಲದಕ್ಕೂ "ಹೂಂ" ಎನ್ನುತ್ತಾರೆ. ಒಮ್ಮೆ ಅವಳು ರೋಸಿಹೋಗಿ "ಅಡುಗೆಮನೆಗೆ ಬೆಂಕಿ ಬಿದ್ದಿದೆ" ಎಂದಳಂತೆ. ಅದಕ್ಕೂ "ಹೂಂ, ಒಳ್ಳೇದಾಯ್ತು" ಎಂದರಂತೆ.

ಪೆಟ್ಟಿಗೆ ಬಂದ ಮೇಲೆ ಭಾವನ ಬಣ್ಣನೆ ಕೇಳಬೇಕಿತ್ತು. "ಪರದೆ ಸರಿಸಿದ ಹಾಗಾಯ್ತು, ಕನ್ನಡಕದಮ್ಮ! ಗೊಣಗಪ್ಪ ಉಗುಳು ನುಂಗೋದೂ ಕೇಳುತ್ತೆ. ಸದ್ದಿಗೆ ಒಂದು ಆಳ ಇದೆ, ಒಂದು ಬೆಚ್ಚಗಿನ ಗುಣ ಇದೆ."

"ಬೆಚ್ಚಗಿದೆ, ನಾನೂ ಒಪ್ತೀನಿ" ಎಂದಳು ಅಕ್ಕ. "ಪೆಟ್ಟಿಗೆ ಮೇಲೆ ಕೈಯಿಟ್ರೆ ಗೊತ್ತಾಗುತ್ತೆ."

ಇಷ್ಟೆಲ್ಲ ಆಳ ಸಿಕ್ಕಿದ ಮೇಲೂ ಹೊಸ ಸಭೆಯ ಮೊದಲ ಹತ್ತು ಪುಟದಲ್ಲಿ ಹನ್ನೆರಡು ಅಸ್ಪಷ್ಟ ಆಗಲೇ ಬಿದ್ದಿದ್ದವು. ಅದನ್ನು ಭಾವ ಬಾಯಿಬಿಟ್ಟು ಹೇಳಿದ್ದಲ್ಲ, ಅಕ್ಕ ಕಾಗದ ಎಣಿಸಿದ್ದು. "ಇನ್ನೂ ದೊಡ್ಡ ಪೆಟ್ಟಿಗೆ ಬರುತ್ತಂತೆ, ಅದನ್ನ ತರಿಸಿದ್ರೆ ಸರಿಹೋಗುತ್ತೆ" ಎಂದು ಭಾವ ಹೊಸ ರಾಗ ತೆಗೆದಾಗ ಅಕ್ಕ ನನಗೆ ಫೋನ್ ಮಾಡಿದಳು.

"ನೀನು ಬಂದು ಇದಕ್ಕೊಂದು ತೀರ್ಮಾನ ಮಾಡು. ಇಲ್ಲಾಂದ್ರೆ ಮನೆ ತುಂಬ ಪೆಟ್ಟಿಗೆ ಆಗುತ್ತೆ, ಕೆಲಸಾನೂ ಹೋಗುತ್ತೆ."

ಭಾನುವಾರ ಮಧ್ಯಾಹ್ನ ಹೋದೆ. ನನ್ನ ಕಸುಬಿನಲ್ಲಿ ಒಂದು ಸತ್ಯ ಕಲಿತಿದ್ದೇನೆ: ಜನ ಸುಳ್ಳು ಹೇಳುವುದಿಲ್ಲ, ಆದರೆ ನಾನು ಗಾಜು ತೆಗೆದು ಮತ್ತೆ ಅದನ್ನೇ ಹಾಕಿದರೂ ಹತ್ತರಲ್ಲಿ ಆರು ಜನ "ಎರಡನೇದು ಚೆನ್ನಾಗಿದೆ" ಎನ್ನುತ್ತಾರೆ. ಇನ್ನೊಂದು, ದೀಪ ಜೋರು ಮಾಡಿದರೆ ಪೊರೆ ಬಂದ ಕಣ್ಣಿಗೂ ಹೊಸ ಕನ್ನಡಕ ಹಾಕಿದಷ್ಟು ಸಂತೋಷವಾಗುತ್ತದೆ. ಆದ್ದರಿಂದ ಮೊದಲು ನನ್ನ ಫೋನಿನಲ್ಲಿ ಸದ್ದು ಅಳೆಯುವ ಆಪ್ ಹಾಕಿ, ಹೆಡ್‌ಫೋನಿಗೆ ಹಿಡಿದು, ಕಂಪ್ಯೂಟರಿನ ಸದ್ದನ್ನೂ ಪೆಟ್ಟಿಗೆಯ ಸದ್ದನ್ನೂ ಸಮ ಮಾಡಿದೆ. ಭಾವ ಪೆಟ್ಟಿಗೆಯ ಗುಂಡಿಯನ್ನು ಎಲ್ಲಿಗೆ ತಿರುಗಿಸಿಟ್ಟಿದ್ದರೆಂದರೆ, ಹೆಡ್‌ಫೋನ್ ಮೇಜಿನ ಮೇಲಿದ್ದರೂ ಗೊಣಗಪ್ಪ ಪಕ್ಕದ ಕೋಣೆಗೆ ಕೇಳುತ್ತಿದ್ದರು!

"ಇದು ಮೋಸ. ಪೆಟ್ಟಿಗೆಯ ಶಕ್ತಿ ಕಿತ್ಕೊಂಡೆ" ಎಂದರು ಭಾವ.

"ಶಕ್ತಿ ಬೇರೆ, ಸ್ಪಷ್ಟ ಬೇರೆ, ಭಾವ. ಕೂತ್ಕೊಳ್ಳಿ."

ಮೇಜಿಗೆ ಬೆನ್ನು ಮಾಡಿ ಕೂರಿಸಿ, ಅಕ್ಕನ ಶಾಲಿನಿಂದ ಕಣ್ಣು ಕಟ್ಟಿದೆ. ಹೆಡ್‌ಫೋನ್ ಹಾಕಿದೆ. ಹಾಕಿದ ಕೂಡಲೇ ಅವರ ಎಡಗೈ ತಾನಾಗಿ ಮೇಲೆ ಹೋಗಿ, ಎಡಗಿವಿಯ ಬಟ್ಟಲನ್ನು ಕಿವಿಯ ಹಿಂದಕ್ಕೆ ತಳ್ಳಿತು.

"ಅದ್ಯಾಕೆ ಭಾವ?"

"ಸಾಹೇಬರು ಕರೆದ್ರೆ?"

"ಇವತ್ತು ಭಾನುವಾರ. ಇದು ನಿಮ್ಮ ಮನೆ."

"ಅಭ್ಯಾಸ ಕಣಮ್ಮ. ಇರ್ಲಿ ಬಿಡು, ನಂಗೆ ಹೀಗೇ ಸರಿ."

ಅದರ ಹಿಂದೊಂದು ಕತೆಯಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರ ಭಾವ ಎರಡು ಕಿವಿಗೂ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರಂತೆ. ಆಗಿನ ಸಾಹೇಬರು ಎಡಗಡೆಯ ಕೋಣೆಯಿಂದ ಮೂರು ಸಲ ಕರೆದು, ಕೊನೆಗೆ ಎದ್ದು ಬಂದು, ಎಲ್ಲರೆದುರು "ಏನ್ರೀ, ಕಿವಿ ಮನೇಲಿ ಬಿಟ್ಟು ಬಂದ್ರಾ?" ಎಂದರಂತೆ. ಅವತ್ತಿನಿಂದ ಎಡಗಿವಿ ಸಾಹೇಬರಿಗೆ ಮೀಸಲು. ಮೂವರು ಸಾಹೇಬರು ಬದಲಾದರು, ಕಿವಿ ಬದಲಾಗಲಿಲ್ಲ.

ಪರೀಕ್ಷೆ ಶುರುವಾಯಿತು. ಕಂಸಗಳೇ ತುಂಬಿದ್ದ ಗೊಣಗಪ್ಪನ ಆ ಚರಂಡಿ ಭಾಷಣದ ಅರ್ಧ ನಿಮಿಷ, ಹನ್ನೆರಡು ಸಲ. ನಾನು ವೈರು ಕೀಳುವುದು, ಚುಚ್ಚುವುದು. "ಇದು ಯಾವುದು, ಪೆಟ್ಟಿಗೆನಾ ಕಂಪ್ಯೂಟರಾ?" ಅಕ್ಕ ದಿನಪತ್ರಿಕೆಯ ಅಂಚಿನಲ್ಲಿ ಗೀಟು ಹಾಕುತ್ತಿದ್ದಳು. ನಾಲ್ಕು ಸಲ ನಾನು ವೈರು ಕಿತ್ತ ಹಾಗೆ ಮಾಡಿ ಅದೇ ತೂತಿಗೆ ಮತ್ತೆ ಚುಚ್ಚಿದೆ.

"ಆಹಾ! ಇದು ಪೆಟ್ಟಿಗೆ. ಆಳ ನೋಡು!"

ಅದು ಕಂಪ್ಯೂಟರ್. ಅಕ್ಕ ಬಾಯಿಗೆ ಸೆರಗು ತುರುಕಿಕೊಂಡಳು.

"ಥೂ, ಇದು ಬರೀ ಕಂಪ್ಯೂಟರ್. ಡಬ್ಬದೊಳಗೆ ಮಾತಾಡಿದ ಹಾಗಿದೆ."

ಅದು ಪೆಟ್ಟಿಗೆ. ನನಗೂ ನಗು ತಡೆಯಲಾಗಲಿಲ್ಲ, ಕೆಮ್ಮಿದ ಹಾಗೆ ಮಾಡಿದೆ. ಹನ್ನೆರಡರಲ್ಲಿ ಆರು ಸರಿ, ಆರು ತಪ್ಪು. ನಾಣ್ಯ ಹಾರಿಸಿದ್ದರೂ ಅಷ್ಟೇ ಬರುತ್ತಿತ್ತು. ಕಣ್ಣಿಗೆ ಕಟ್ಟಿದ ಶಾಲು ಬಿಚ್ಚದೆಯೇ ಲೆಕ್ಕ ಹೇಳಿದೆ. ಭಾವನ ಮುಖ ಹರಳೆಣ್ಣೆ ಕುಡಿದ ಹಾಗಾಯಿತು.

"ಹಾಗಾದ್ರೆ ಪೆಟ್ಟಿಗೆಯಿಂದ ಏನೂ ಇಲ್ಲ" ಎಂದರು. "ಹಾಗಾದ್ರೆ ತಪ್ಪು ನನ್ನದೇ" ಎಂದು ಸೇರಿಸಿದರು. ಅವರ ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು, ಟೈಪ್ ಮಾಡುವ ಬೆರಳುಗಳು. ನಗುತ್ತಿದ್ದ ಅಕ್ಕ ಪತ್ರಿಕೆ ಕೆಳಗಿಟ್ಟಳು. ನನಗೆ ನನ್ನ ಮೇಲೇ ಸಿಟ್ಟು ಬಂತು. ಗೆದ್ದು ಏನು ಮಾಡಿದ ಹಾಗಾಯಿತು? ಕಡತದ ಕೋಣೆ ಇನ್ನೂ ಅಲ್ಲೇ ಬಾಯಿ ತೆರೆದು ಕೂತಿತ್ತು.

ಆಗ ನೆನಪಾಯಿತು. ಅಂಗಡಿಗೆ ಯಾರೇ ಬರಲಿ, ನಾನು ಮೊದಲು ಮಾಡುವ ಕೆಲಸ ಒಂದು ಕಣ್ಣು ಮುಚ್ಚಿಸುವುದು. ಎಡಗಣ್ಣು ಬೇರೆ, ಬಲಗಣ್ಣು ಬೇರೆ. ಹತ್ತು ವರ್ಷ ಒಂದೇ ಕಣ್ಣಿನಲ್ಲಿ ನೋಡುತ್ತ, ಗೊತ್ತೇ ಇಲ್ಲದೆ ಓಡಾಡಿದವರನ್ನು ಕಂಡಿದ್ದೇನೆ. ಇಲ್ಲಿ ಹನ್ನೆರಡು ಸಲವೂ ನಾನು ಪರೀಕ್ಷೆ ಮಾಡಿದ್ದು ಒಂದೇ ಕಿವಿಯನ್ನು!

"ಭಾವ, ಇನ್ನೊಂದೇ ಒಂದು ಸಲ." ಬಲಗಿವಿಯ ಬಟ್ಟಲು ಹಿಂದಕ್ಕೆ ತಳ್ಳಿ, ಎಡಗಿವಿಗೆ ಸರಿಯಾಗಿ ಕೂರಿಸಿದೆ.

"ಏಯ್, ಅದು ಸಾಹೇಬರ ಕಿವಿ."

"ಸಾಹೇಬರನ್ನ ನಾನು ನೋಡ್ಕೊತೀನಿ. ಕೇಳಿ."

ಗೊಣಗಪ್ಪ ಶುರು ಮಾಡಿದರು. ಭಾವ ಅಲುಗಾಡದೆ ಕೂತರು. ಆಮೇಲೆ ಬಾಯಿ ತೆರೆದು, ಗೊಣಗಪ್ಪನ ಜೊತೆಜೊತೆಗೇ ಒಪ್ಪಿಸತೊಡಗಿದರು. "ಮಾನ್ಯ ಅಧ್ಯಕ್ಷರೇ, ನಮ್ಮ ಬೀದಿಯ ಚರಂಡಿಯ ಮುಚ್ಚಳ ಹೋಗಿ ಮೂರು ತಿಂಗಳಾಯಿತು, ನನಗೇ ನಾಚಿಕೆಯಾಗಬೇಕು..." ಒಂದಕ್ಷರ ಬಿಡಲಿಲ್ಲ. ಮುಗಿದ ಮೇಲೆ ಕುರ್ಚಿಯಿಂದ ಜಿಗಿದೆದ್ದರು.

"ನಾನು ಹೇಳಲಿಲ್ವಾ! ಇದೇ ಕಣಮ್ಮ ನಾನು ಹೇಳ್ತಿದ್ದಿದ್ದು! ಪೆಟ್ಟಿಗೆ ಅಂದ್ರೆ ಇದು! ನಾಲಿಗೆ ಹಲ್ಲಿಗೆ ತಾಗಿದ್ದೂ ಕೇಳ್ತು!"

ಶಾಲು ಬಿಚ್ಚಿದೆ. ಪೆಟ್ಟಿಗೆಯ ವೈರು ನನ್ನ ಕೈಯಲ್ಲಿ ನೇತಾಡುತ್ತಿತ್ತು. ಹೆಡ್‌ಫೋನ್ ನೇರ ಕಂಪ್ಯೂಟರಿಗೆ ಚುಚ್ಚಿತ್ತು, ಕಾಸಿಗೆ ಬಾರದ ಆ ಚಿಪ್ಪಿಗೆ. ಭಾವ ವೈರು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಮೆಲ್ಲಗೆ ತಮ್ಮ ಎಡಗಿವಿ ಮುಟ್ಟಿಕೊಂಡರು.

"ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯ್ತಲ್ಲ ಭಾವ" ಎಂದೆ.

ಮರುದಿನ ಮೂವರೂ ಕಿವಿ ಡಾಕ್ಟರ ಹತ್ತಿರ ಹೋದೆವು. ಬಲಗಿವಿ ಸವೆದಿದೆ, ಇಷ್ಟು ವರ್ಷ ಒಂದೇ ಕಿವಿಗೆ ಗದ್ದಲ ಸುರಿದರೆ ಮತ್ತೇನಾಗುತ್ತದೆ ಎಂದರು ಡಾಕ್ಟರು. ಹೋದದ್ದು ಬರುವುದಿಲ್ಲ, ಎಡಗಿವಿ ಬಹಳ ಚೆನ್ನಾಗಿದೆ, ಇನ್ನಾದರೂ ಸದ್ದು ಕಡಿಮೆ ಇಟ್ಟುಕೊಳ್ಳಿ ಎಂದರು. ಅಕ್ಕ ತುದಿಗಾಲಲ್ಲಿ ಕೂತಿದ್ದಳು.

"ಡಾಕ್ಟ್ರೇ, ಎಷ್ಟು ವರ್ಷದಿಂದ ಹೀಗೆ?"

"ಹತ್ತು ವರ್ಷ ಆದ್ರೂ ಆಗಿರಬೇಕಮ್ಮ."

ಅಕ್ಕ ಬೆರಳು ಮಡಚಿ ಲೆಕ್ಕ ಹಾಕಿದಳು. "ನಮ್ಮ ಮದುವೆಯಾಗಿ ಹದಿನೆಂಟು. ಹಾಗಾದ್ರೆ ಮೊದಲ ಎಂಟು ವರ್ಷ ಜಾಣಕಿವುಡೇ!"

ಭಾವ ಗೋಡೆಯ ಮೇಲಿದ್ದ ಕಿವಿಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಜೋಕು ಮಾಡಿದ್ದು ಅಕ್ಕನೇ, ಆದರೆ ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ಅವಳು ಮಾತಾಡದಿದ್ದರೆ ನನಗೆ ಭಯವಾಗುತ್ತದೆ.

ಭಾವ ಹೆಡ್‌ಫೋನನ್ನು ಎಡಗಿವಿಗೆ ಬದಲಿಸಿ ಇಡೀ ಸಭೆಯನ್ನು ಮೊದಲಿಂದ ಟೈಪ್ ಮಾಡಿದರು. ಕೊನೆಯ ಪುಟದಲ್ಲಿದ್ದಾಗ ಸಾಹೇಬರು "ರೀ" ಎಂದರಂತೆ, ಉತ್ತರವಿಲ್ಲ. ಮೂರನೆಯ "ರೀ" ಆದ ಮೇಲೆ ಎದ್ದು ಬಂದು ಎದುರು ನಿಂತರಂತೆ. ಭಾವ ಕೂತಲ್ಲಿಂದಲೇ ಹೇಳಿದರಂತೆ: "ಸಾರ್, ಇನ್ಮೇಲೆ ಈ ಕಿವಿ ಸಭೆಗೆ. ನಿಮಗೆ ನಾನು ಬೇಕಾದ್ರೆ ದಯವಿಟ್ಟು ಬಂದು ಭುಜ ಮುಟ್ಟಿ." ಸಾಹೇಬರು ಏನೋ ಹೇಳಹೊರಟು, ಮೇಜಿನ ಮೇಲಿದ್ದ ಪುಟಗಳನ್ನು ಎತ್ತಿ ತಿರುವಿದರು. ಇಡೀ ಸಭೆಗೆ ಅಸ್ಪಷ್ಟ ಐದು. "ಇದೆಲ್ಲ ಗೊಣಗಪ್ಪ ಆಡಿದ್ದಾ? ಇಷ್ಟು ಬುದ್ಧಿ ಇದೆಯಾ ಆ ಮನುಷ್ಯನಿಗೆ?" ಎಂದರು. ಕುರ್ಚಿ ಉಳಿಯಿತು.

ಪೆಟ್ಟಿಗೆಯನ್ನು ಒಂಬತ್ತನೆಯ ದಿನ ವಾಪಸ್ ಕಳಿಸಿದರು. ಭಾರಿ ಹೆಡ್‌ಫೋನ್ ಇಟ್ಟುಕೊಂಡು ಸಂಗೀತ ಕೇಳುವವರಿಗೆ ಅದು ಬೇಕಾಗಬಹುದು, ನಾನು ಬೇಡವೆನ್ನುವುದಿಲ್ಲ. ಚರಂಡಿಯ ಮುಚ್ಚಳಕ್ಕೆ ಬೇಡ. ವಾಪಸ್ ಮಾಡಲು ಕಾರಣವೇನು ಎಂದು ಕೇಳಿದ ಜಾಗದಲ್ಲಿ ಭಾವ ಪ್ರಾಮಾಣಿಕವಾಗಿ ಬರೆದರು: 'ತಪ್ಪು ಪೆಟ್ಟಿಗೆಯದಲ್ಲ.'

ಸಾಹೇಬರು ಪುಟ ಒಪ್ಪಿದ ಸಂಜೆ ನಾನೂ ಅಲ್ಲೇ ಊಟಕ್ಕೆ ಉಳಿದೆ. ಅಕ್ಕ ತಟ್ಟೆಗಳನ್ನಿಟ್ಟು, ಎಂದಿನ ಜಾಗಕ್ಕೆ ಹೋಗದೆ ಮೇಜಿನ ಅಂಚು ಹಿಡಿದು ಎಳೆದಳು. ಹದಿನೆಂಟು ವರ್ಷದಿಂದ ಅಲುಗಾಡದ ಮೇಜು ಕಿರ್ರೆಂದಿತು, ನೆಲದಲ್ಲಿ ನಾಲ್ಕು ಕಾಲಿನ ಗುರುತು ಹಾಗೇ ಉಳಿಯಿತು. ಭಾವ ತಮ್ಮ ಕುರ್ಚಿಯನ್ನೂ ಜೊತೆಗೆ ಸರಿಸಿದಾಗ ಗೋಡೆಗೂ ಅವರಿಗೂ ನಡುವೆ ಒಂದು ಕುರ್ಚಿಯಷ್ಟು ಜಾಗವಾಯಿತು. ಅಲ್ಲಿ, ಭಾವನ ಎಡಗಡೆ, ಕುರ್ಚಿ ತೂರಿಸಿ ಕೂತಳು.

"ಇಲ್ಯಾಕೆ ಇಕ್ಕಟ್ಟಲ್ಲಿ?" ಎಂದರು ಭಾವ.

"ಹತ್ತು ವರ್ಷ ಹೇಳಿದ್ದನ್ನೆಲ್ಲ ಮೊದಲಿಂದ ಹೇಳಬೇಕಲ್ಲ. ಸುಮ್ನೆ ಕೂತ್ಕೊಳ್ಳಿ."

ಆಮೇಲೆ "ರೀ" ಎಂದಳು. ಮೆಲ್ಲಗೆ, ಎದುರಿಗೆ ಕೂತ ನನಗೇ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ.

ಭಾವ ತಟ್ಟನೆ ತಿರುಗಿದರು. ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟು, "ಹೇಳು" ಎಂದರು.

ಅಕ್ಕ ಬಾಯಿ ತೆರೆದಳು. ದೂರಿನ ದೊಡ್ಡ ಮೂಟೆಯೇ ಇತ್ತು ಅವಳ ಹತ್ತಿರ, ಅದು ನನಗೆ ಬಾಯಿಪಾಠ. ಒಂದೂ ಹೊರಗೆ ಬರಲಿಲ್ಲ. ಅವಳ ಕಣ್ಣು ತುಂಬಿಕೊಂಡಿತು. ಭಾವ ಇನ್ನೂ ಅವಳ ಕಡೆಗೇ ಕಿವಿಕೊಟ್ಟು ಕೂತಿದ್ದರು.

"ಏನಿಲ್ಲ" ಎಂದಳು. "ಸುಮ್ನೆ ಕರೆದೆ."