ಹರಿಗೋಲಿನ ತೇಪೆ

ಹೋದ ವರ್ಷ ಸೇಡಂನ ಒಂದು ಶಾಲೆಯವರು ನನ್ನನ್ನು ಚರ್ಚಾಸ್ಪರ್ಧೆಯ ಅಧ್ಯಕ್ಷತೆಗೆ ಕರೆದಿದ್ದರು. ವಿಷಯ, ದೇಶಭಕ್ತಿಯಿಂದ ಸಮಾಜಕ್ಕೆ ಒಳಿತೋ ಕೆಡುಕೋ. ಒಳಿತು ಎಂದು ವಾದಿಸಿದವರು ಆರು ಮಂದಿ, ಕೆಡುಕು ಎಂದವರು ಇಬ್ಬರು. ಆ ಪಕ್ಷಕ್ಕೆ ಯಾರೂ ಮುಂದೆ ಬಾರದೆ ಮಾಸ್ತರರೇ ಆ ಇಬ್ಬರನ್ನು ನಿಲ್ಲಿಸಿದ್ದರಂತೆ. ಕೊನೆಗೆ ಅಧ್ಯಕ್ಷರು ತಮ್ಮ ಅಭಿಪ್ರಾಯ ಹೇಳಬೇಕೆಂದರು. ಮಕ್ಕಳು ಚೆನ್ನಾಗಿ ಮಾತಾಡಿದರು ಎಂದು ಹೇಳಿ, ಶಾಲು ಹೊದ್ದುಕೊಂಡು ಮನೆಗೆ ಬಂದೆ. ಈ ವಿಷಯದಲ್ಲಿ ನನಗೆ ಅಭಿಪ್ರಾಯವಿಲ್ಲ. ನನಗೊಬ್ಬ ಅಣ್ಣನಿದ್ದ, ಅವನಿಗೊಂದು ಹರಿಗೋಲಿತ್ತು, ಅಷ್ಟು ಮಾತ್ರ ಗೊತ್ತು.

ನಾವು ಕಾಗಿಣಾ ಹೊಳೆಯ ಅಂಬಿಗರು. ನಮ್ಮ ಊರು ಹೊಳೆಯ ಬಡಗಣ ದಂಡೆಯ ಮೇಲಿತ್ತು. ಚಿತ್ತಾಪುರ, ಸೇಡಂ, ವಾಡಿ ಎಲ್ಲವೂ ಆಚೆ ದಂಡೆಗೆ. ಹೀಗಾಗಿ ಸಂತೆಗೆ ಹೋಗುವವರು, ಕಚೇರಿಗೆ ಹೋಗುವವರು, ಜಗಳಾಡಿ ತವರಿಗೆ ಹೋಗುವವರು, ರಾಜಿಯಾಗಿ ತಿರುಗಿ ಬರುವವರು, ಎಲ್ಲರೂ ಅಣ್ಣನ ಹರಿಗೋಲಿನಲ್ಲಿ ಕೂಡಲೇಬೇಕು. ಅವನು ಯಾರನ್ನೂ ಯಾಕೆ ಹೊರಟಿರಿ ಎಂದು ಕೇಳಿದವನಲ್ಲ. ಕೂತವರ ಭಾರ ಸಮನಾಗಿದೆಯೇ ಎಂದು ನೋಡುತ್ತಿದ್ದ, ಹುಟ್ಟು ಹಾಕುತ್ತಿದ್ದ. ಆಚೆ ದಂಡೆ ಮುಟ್ಟಿದ ಮೇಲೆ ಅವರನ್ನು ಮರೆತುಬಿಡುತ್ತಿದ್ದ.

ನಾನು ಮನೆಯ ಓದಿದ ಮಗ. ಚಿತ್ತಾಪುರದಲ್ಲಿ ಉರ್ದು ಸಾಲಿ ಕಲಿತಿದ್ದೆ, ಕನ್ನಡವನ್ನು ಮನೆಯಲ್ಲಿ ಕದ್ದುಮುಚ್ಚಿ ಕಲಿತಿದ್ದೆ. ಸಾಲಿಯಲ್ಲಿ ದಿನಾ ಬೆಳಿಗ್ಗೆ ಸಾಲಾಗಿ ನಿಂತು, ನಮ್ಮ ರಾಜ್ಯವಾಳುವ ಹುಜೂರರ ಆಯುಷ್ಯ ಹೆಚ್ಚಲಿ ಎಂದು ಬೇಡಿಕೊಳ್ಳುತ್ತಿದ್ದೆವು. ಹುಜೂರರ ಆಯುಷ್ಯ ಹೆಚ್ಚುತ್ತಲೇ ಇತ್ತು, ಆ ಮಟ್ಟಿಗೆ ನಮ್ಮ ಪ್ರಾರ್ಥನೆ ಫಲಿಸಿತು. ಮುಂದೆ ಇಪ್ಪತ್ತೆರಡರ ವಯಸ್ಸಿನಲ್ಲಿ, ಬ್ರಿಟಿಷರು ಹೋಗಿ ದೇಶ ಸ್ವತಂತ್ರವಾಗಿ ನಮ್ಮ ರಾಜ್ಯ ಮಾತ್ರ ಹೊರಗೆ ಉಳಿದಾಗ, ನನಗೂ ದೇಶಭಕ್ತಿ ಬಂತು. ಜ್ವರ ಬಂದ ಹಾಗೆ ಬಂತು. ಊಟ ಸೇರುತ್ತಿರಲಿಲ್ಲ. ಪ್ರಾಣ ಕೊಡುತ್ತೇನೆ ಎಂದು ಎರಡು ಹೊತ್ತೂ ಹೇಳುತ್ತಿದ್ದೆ. ಅತ್ತಿಗೆ ಒಂದು ದಿನ, "ಪ್ರಾಣ ಆಮ್ಯಾಲೆ ಕೊಡುವಂತಿ, ಮೊದಲ ಎರಡು ಕೊಡ ನೀರು ತಂದು ಕೊಡು" ಎಂದಳು. ತಂದು ಕೊಡಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ವಾಡಿ ಜಂಕ್ಷನ್ನಿಗೆ ಹೋಗಿದ್ದೆ. ಸೋಲಾಪುರದ ಕಡೆಯಿಂದ ಬಂದ ಗಾಡಿಯಲ್ಲಿ ಇಳಿದವರೊಬ್ಬರು ನಳದ ಹತ್ತಿರ ನೀರು ಕುಡಿಯುವ ನೆವದಲ್ಲಿ ಒಂದು ಸಣ್ಣ ಗಂಟನ್ನು ನನ್ನ ಕೈಗಿಟ್ಟು ಹೋದರು. ಒಳಗೆ ಖಾದಿಯಲ್ಲಿ ಹೊಲಿದ ಮೂರು ಬಣ್ಣದ ಧ್ವಜ. ನಮ್ಮ ರಾಜ್ಯದಲ್ಲಿ ಅದನ್ನು ಇಟ್ಟುಕೊಳ್ಳುವುದೇ ಗುನ್ಹೆ. ನಾನು ಅದನ್ನು ಅಂಗಿಯ ಒಳಗೆ ಹೊಟ್ಟೆಗೆ ಸುತ್ತಿಕೊಂಡು ಹನ್ನೆರಡು ಹರದಾರಿ ನಡೆದಷ್ಟು ಆಯಾಸಪಟ್ಟು ಮನೆಗೆ ಬಂದೆ. ನಿಜವಾಗಿ ನಡೆದದ್ದು ಅದರ ಅರ್ಧವೂ ಇಲ್ಲ. ಬಂದವನೇ ಅಣ್ಣನಿಗೆ ಬಿಚ್ಚಿ ತೋರಿಸಿದೆ. ಅವನು ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ, "ಅರಿವಿ ಭಾಳ ಗಟ್ಟಿ ಅದ" ಎಂದ. ನನಗೆ ಸಿಟ್ಟು ಬಂತು. ಅವನಿಗೆ ದೇಶ ತಿಳಿಯುವುದಿಲ್ಲ ಎಂದುಕೊಂಡೆ.

ಆಗ ನಮ್ಮ ಭಾಗದಲ್ಲಿ ಇನ್ನೊಂದು ಬಗೆಯ ಭಕ್ತರೂ ಇದ್ದರು. ಖಾಕಿ ತೊಟ್ಟು ಬಂದೂಕು ಹಿಡಿದು, ರಾಜ್ಯ ಉಳಿಯಬೇಕು, ಹುಜೂರರು ಉಳಿಯಬೇಕು ಎಂದು ಊರೂರು ತಿರುಗುವ ದಳದವರು. ಅವರೂ ಪ್ರಾಣ ಕೊಡುತ್ತೇವೆ ಎನ್ನುತ್ತಿದ್ದರು, ಆದರೆ ಹೆಚ್ಚಾಗಿ ತೆಗೆದುಕೊಳ್ಳುತ್ತಿದ್ದರು. ಆಷಾಢದ ಒಂದು ಬೆಳಿಗ್ಗೆ, ಹಾಲು ಕರೆಯುವ ಹೊತ್ತಿಗೆ, ಚಿಂಚೋಳಿ ಕಡೆಯಿಂದ ಒಂದು ದಳ ಇಳಿದುಬಂದಿದೆ, ಮಗ್ಗುಲ ಊರಿನಲ್ಲಿ ಮನೆಮನೆ ಹೊಕ್ಕು ಝಡತಿ, ತಪಾಸಣೆ ನಡೆದಿದೆ, ಧ್ವಜ ಸಿಕ್ಕ ಮನೆಯವನನ್ನು ಬೇವಿನ ಗಿಡಕ್ಕೆ ಕಟ್ಟಿದ್ದಾರೆ ಎಂದು ಸುದ್ದಿ ಬಂತು. ಪ್ರಾಣ ಕೊಡುವ ಸಮಯ ಇಷ್ಟು ಬೇಗ, ಅದೂ ಮುಖ ತೊಳೆಯುವ ಮೊದಲು ಬರುತ್ತದೆಂದು ನಾನು ಎಣಿಸಿರಲಿಲ್ಲ. ಗಂಟು ತೆಗೆದುಕೊಂಡು ಹೊಳೆದಂಡೆಗೆ ಓಡಿದೆ. ಅಣ್ಣ ಹರಿಗೋಲಿನ ನೀರು ಮೊಗೆದು ಚೆಲ್ಲುತ್ತಿದ್ದ.

"ಅಣ್ಣಾ, ಇದನ್ನ ಸುಟ್ಟುಬಿಡು" ಎಂದೆ.

"ಯಾಕೋ? ನಿನ್ನಿತನಕ ಇದಕ್ಕ ಕೈ ಮುಗಿತಿದ್ದಿ."

"ಸುಡು ಅಂದ್ರ ಸುಡು. ಇಲ್ಲಾಂದ್ರ ಹರದು ಹೊಳಿಗಿ ಬಿಡು. ನಾ ಕೊಟ್ಟೀನಂತ ಯಾರಿಗೂ ಹೇಳಬ್ಯಾಡ."

"ಹೇಳಂಗಿಲ್ಲ ಬಿಡು."

"ಹಂಗಲ್ಲ. ಆಣಿ ಮಾಡು."

ಅಂಬಿಗರಲ್ಲಿ ಆಣೆ ಎಂದರೆ ಒಂದೇ. ಆಣೆ ಮಾಡಿಸುವವನು ಹೊಳೆಯ ನೀರನ್ನು ಮಾಡುವವನ ಬೊಗಸೆಗೆ ಹಾಕಬೇಕು, ಮಾಡುವವನು ಗಂಗಮ್ಮನ ಹೆಸರು ಹೇಳಿ ಅದನ್ನು ಕುಡಿಯಬೇಕು. ಬಿಡಿಸುವುದೂ ಹಾಗೆಯೇ. ಯಾರು ನೀರು ಹಾಕಿದ್ದರೋ ಅವರೇ ಮತ್ತೊಮ್ಮೆ ಬೊಗಸೆಗೆ ನೀರು ಹಾಕಿ, ಬಿಟ್ಟೆ ಎನ್ನಬೇಕು. ಬೇರೆ ಯಾರೂ ಬಿಡಿಸಲು ಬರುವುದಿಲ್ಲ, ಸ್ವಾಮಿಗಳೂ ಬಿಡಿಸಲಾರರು. ಓದಿದ ನಾನು ಇದನ್ನು ಮೂಢನಂಬಿಕೆ ಎಂದು ನಗುತ್ತಿದ್ದೆ. ಆ ದಿನ ನಗದೆ ನೀರು ಹಾಕಿದೆ. ಅಣ್ಣ ಕುಡಿದ. ನನ್ನನ್ನು ಆಚೆ ದಂಡೆಗೆ ಬಿಟ್ಟು ಹೊರಳಿದ. ನಾನು ನಾಲವಾರದ ಸೋದರತ್ತೆಯ ಮನೆ ಸೇರಿ ಎರಡು ತಿಂಗಳು ಆಕೆಯ ಕೈಯ ಜೋಳದ ರೊಟ್ಟಿ ತಿಂದುಕೊಂಡು ಭೂಗತನಾಗಿದ್ದೆ.

ಆ ಮಧ್ಯಾಹ್ನ ನಡೆದದ್ದನ್ನು ನಾನು ಊರಿಗೆ ಮರಳಿದ ದಿನ ಹೇಳಿದವಳು ಅತ್ತಿಗೆ. ದಳದವರು ಬಂದಾಗ ಅಣ್ಣ ಹರಿಗೋಲನ್ನು ದಂಡೆಯ ಮೇಲೆ ಬೋರಲು ಹಾಕಿ, ಶಹಾಬಾದಿನಿಂದ ತಂದ ಡಾಂಬರು ಕಾಸಿ ಬಳಿಯುತ್ತಿದ್ದ. ನಮ್ಮ ಹರಿಗೋಲುಗಳಿಗೆ ಮೊದಲು ಎಮ್ಮೆ ತೊಗಲು ಹೊದಿಸುತ್ತಿದ್ದರು. ತೊಗಲು ಸಿಗದಂತಾದ ಮೇಲೆ ಬಿದಿರ ಹೆಣಿಗೆಗೆ ಗೋಣಿತಟ್ಟು ಸುತ್ತಿ ಡಾಂಬರು ಹಚ್ಚುವುದು ರೂಢಿ. ನೀರು ಸೋರಿದಲ್ಲಿ ಗಟ್ಟಿ ಅರಿವೆಯ ತೇಪೆ ಹಾಕಿ ಮೇಲೆ ಮತ್ತೊಂದು ಕೈ ಡಾಂಬರು. ದಳದವರು ನಮ್ಮ ಮನೆಯ ಕಾಳಿನ ಗುಮ್ಮಿ ಒಡೆದರು, ಹಾಸಿಗೆ ಹರಿದರು, ಒಲೆಯ ಬೂದಿ ಕೆದರಿದರು. ಏನೂ ಸಿಗಲಿಲ್ಲ. ಅವರ ಮುಖ್ಯಸ್ಥ ಬಿಸಿಲಿಗೆ ಬಳಲಿ, ನೀರು ಕೇಳಿ, ಎದುರಿಗಿದ್ದ ಬೋರಲು ಹರಿಗೋಲಿನ ಮೇಲೆ ಕೂತ. ಏಳುವಾಗ ಅವನ ಚಲ್ಲಣ ಏಳಲಿಲ್ಲ. ಹಸಿ ಡಾಂಬರು. ಅವನು ಬೈದ. ಅಣ್ಣ, "ನಾ ಹೇಳಬೇಕಂದೆರಿ, ಅಷ್ಟರಾಗ ನೀವು ಕುಂತ್ರಿ" ಎಂದು ಸೀಮೆಎಣ್ಣೆ ತಂದು, ಅವನ ಹಿಂಭಾಗವನ್ನು ತಾನೇ ಉಜ್ಜಿ ಕೊಟ್ಟನಂತೆ. ಊರೆಲ್ಲ ದೂರ ನಿಂತು ನೋಡಿತು. ಆ ಕಾಲದಲ್ಲಿ ಜನ ನಕ್ಕದ್ದು ಅದೊಂದು ದಿನವೇ ಇರಬೇಕು.

ಭಾದ್ರಪದದಲ್ಲಿ ದೇಶದ ಸೈನ್ಯ ಬಂತು, ನಾಲ್ಕೈದು ದಿನದಲ್ಲಿ ರಾಜ್ಯ ಮುಗಿಯಿತು. ನಾನು ಊರಿಗೆ ಮರಳಿದೆ. ಎರಡು ತಿಂಗಳು ತಲೆಮರೆಸಿಕೊಂಡವನೆಂದು ಜನ ಮರ್ಯಾದೆ ಕೊಟ್ಟರು. ಅದೇ ವಾರ ಊರಲ್ಲಿ ಒಂದು ಸಮಿತಿಯಾಯಿತು. ಅದರ ಅಧ್ಯಕ್ಷರು ಊರ ಸಾಹುಕಾರರು. ಹಿಂದಿನ ವರ್ಷ ಹುಜೂರರ ಹುಟ್ಟುಹಬ್ಬದ ಸಮಿತಿಗೂ ಅವರೇ ಅಧ್ಯಕ್ಷರು. ಅನುಭವವಿತ್ತು, ಬದಲಿಸುವ ಕಾರಣವಿರಲಿಲ್ಲ. ಎರಡೂ ಲಿಪಿ ಬರುತ್ತದೆಂದು ನನ್ನನ್ನು ಕಾರ್ಯದರ್ಶಿ ಮಾಡಿದರು. ಬಿಳಿ ಟೊಪ್ಪಿಗೆ ಹಾಕಿಕೊಂಡೆ. ಚೆನ್ನಾಗಿ ಒಪ್ಪುತ್ತಿತ್ತು, ಅದನ್ನು ಸುಳ್ಳು ಹೇಳುವುದಿಲ್ಲ.

ಸೇಡಂ ಕಡೆಯಿಂದ ಒಬ್ಬ ಮುಂದಾಳು ನಮ್ಮ ಊರಿಗೆ ಬರುವವರಿದ್ದರು. ಅವರನ್ನು ಹೊಳೆ ದಾಟಿಸುವ ಹರಿಗೋಲಿಗೆ ಮೂರು ಬಣ್ಣ ಬಳಿಸಬೇಕೆಂದು ಸಾಹುಕಾರರು ಠರಾವು ಮಾಡಿದರು. ಬಣ್ಣದವನು ಬಂದ. ಅಣ್ಣ ಹುಟ್ಟು ಹಿಡಿದು ಪಕ್ಕದಲ್ಲಿ ನಿಂತ.

"ಬಣ್ಣ ಹಚ್ಚರಿ, ಬ್ಯಾಡ ಅನ್ನಂಗಿಲ್ಲ" ಎಂದ. "ಡಾಂಬರ್ ಮಾತ್ರ ಕೆರಿಬ್ಯಾಡ್ರಿ. ನೀರು ಬರ್ತದ."

"ಡಾಂಬರ್ ಮ್ಯಾಲ ಬಣ್ಣ ಕುಂದ್ರಂಗಿಲ್ಲೋ" ಎಂದರು ಸಾಹುಕಾರರು.

ಬಣ್ಣದವನು ಕೆರೆಯತೊಡಗಿದ. ತಳದ ಹತ್ತಿರ ಒಂದು ಪದರು ಎದ್ದು ಬಂತು. ಮೊದಲು ಹಸಿರು ಕಂಡಿತು. ಅವನು ತಾನಿನ್ನೂ ಡಬ್ಬಿ ತೆರೆದಿಲ್ಲವಲ್ಲ ಎಂದು ಕುಂಚ ನೋಡಿಕೊಂಡ. ಇನ್ನಷ್ಟು ಕೆರೆದ. ಬಿಳುಪು ಬಂತು, ಚಕ್ರ ಬಂತು. ನಾನು ಸುಡು ಎಂದು ಕೊಟ್ಟದ್ದನ್ನು ಅಣ್ಣ ಸುಟ್ಟಿರಲಿಲ್ಲ.

ಊರು ಕೂಡಿತು. ಹರಿಗೋಲಿನ ಬುಡಕ್ಕೆ, ಅದೂ ಕಾಲಿನ ಕೆಳಗೆ, ಧ್ವಜ. ಸಾಹುಕಾರರು ಚಾವಡಿಯ ಕಟ್ಟೆಯ ಮೇಲೆ ಕೂತರು. ನಾನು ಅವರ ಬಲಗಡೆ, ಕಾಗದ ಹಿಡಿದು. ಅಣ್ಣ ಎದುರಿಗೆ ನಿಂತ.

"ಇದನ್ನ ಯಾಕ ಅಲ್ಲಿ ಹಚ್ಚಿದಿ?"

ಅಣ್ಣ ನನ್ನ ಕಡೆ ನೋಡಿದ. ನಾನು ಕಾಗದದ ಕಡೆ ನೋಡಿದೆ.

"ನೀರು ಬರ್ತಿತ್ತುರಿ" ಎಂದ. "ಹಚ್ಚಿದ ಮ್ಯಾಲ ನಿಂತದ."

"ನಿನಗ ಯಾರು ಕೊಟ್ಟರು?"

"ಅದು ಹೇಳಾಕ ಬರಂಗಿಲ್ಲರಿ."

"ಯಾಕ ಬರಂಗಿಲ್ಲ?"

"ಆಣಿ ಅದರಿ."

ಗುಂಪಿನಲ್ಲಿದ್ದ ಒಬ್ಬರಿಗೆ ಆಷಾಢದ ಆ ಮಧ್ಯಾಹ್ನ ನೆನಪಾಯಿತು. ಖಾಕಿಯ ಮುಖ್ಯಸ್ಥ ಅದೇ ಹರಿಗೋಲಿನ ಮೇಲೆ ಕೂತಿದ್ದನಲ್ಲ, ಅಂಬಿಗ ಅವನ ಚಲ್ಲಣ ಉಜ್ಜಿ ಕೊಟ್ಟನಲ್ಲ. ಅಂದರೆ ಧ್ವಜ ಕೊಟ್ಟವರು ಅವರೇ, ಅದರ ಮೇಲೆ ಕೂರುವುದಕ್ಕೆಂದೇ ಹಚ್ಚಿಸಿದ್ದಾರೆ, ಯಾರಿಗೂ ಹೇಳಬೇಡವೆಂದು ಆಣೆ ಹಾಕಿದ್ದಾರೆ. ಎಲ್ಲವೂ ಎಷ್ಟು ಸರಿಯಾಗಿ ಕೂಡಿಬಂತೆಂದರೆ, ನಿಜ ಗೊತ್ತಿದ್ದ ನನಗೇ ಒಂದು ಗಳಿಗೆ ಹೌದಿರಬಹುದು ಅನ್ನಿಸಿತು. ಅಂದು ನಕ್ಕವರಲ್ಲಿ ಒಬ್ಬರೂ ತಾವು ನಕ್ಕಿದ್ದೆವು ಎನ್ನಲಿಲ್ಲ.

ಕಟ್ಟೆಯಿಂದ ಹೊಳೆಗೆ ನೂರು ಹೆಜ್ಜೆ. ಹೋಗಿ ಒಂದು ತಂಬಿಗೆ ನೀರು ತಂದು ಅಣ್ಣನ ಬೊಗಸೆಗೆ ಹಾಕಿ, ಬಿಟ್ಟೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅವನು ಬಾಯಿ ಬಿಟ್ಟರೆ, ಸುಡು ಎಂದವನು ಕಾರ್ಯದರ್ಶಿ ಎಂದು ಊರಿಗೆ ಗೊತ್ತಾಗುತ್ತಿತ್ತು. ನಡಾವಳಿ ಬರೆಯುವುದು ನನ್ನ ಕೆಲಸ. ಬರೆದೆ. ಅಂಬಿಗನು ಧ್ವಜಸ್ತಂಭದ ಮುಂದೆ ಮೂರು ಸಲ ಮೂಗು ತಿಕ್ಕಿ ತಪ್ಪೊಪ್ಪಿಕೊಳ್ಳತಕ್ಕದ್ದು. ಹೊಳೆ ದಾಟಿಸುವ ಕಡವಿನ ಹಕ್ಕನ್ನು ಈ ವರ್ಷ ಬೇರೆಯವನಿಗೆ ಕೊಡತಕ್ಕದ್ದು. ನನ್ನ ಅಕ್ಷರ ದುಂಡಗಿವೆ ಎಂದು ಸಾಹುಕಾರರು ಮೆಚ್ಚಿದರು. ಅಣ್ಣ ಮೂಗು ತಿಕ್ಕಿದ. ಅವನ ಟೊಂಕ ಗಟ್ಟಿಯಿತ್ತು, ಏಳಲು ಯಾರ ಆಸರೆಯೂ ಬೇಕಾಗಲಿಲ್ಲ. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅದೂ ಬಿಡಲಿಲ್ಲ.

ಧ್ವಜವನ್ನು ಗೌರವದಿಂದ ಬಿಡಿಸಿ, ಸೀಮೆಎಣ್ಣೆಯಲ್ಲಿ ತೊಳೆದು, ಸಾಹುಕಾರರ ಮನೆಯ ದೇವರ ಕೋಣೆಯಲ್ಲಿಟ್ಟರು. ಹರಿಗೋಲಿಗೆ ಬಣ್ಣ ಬಳಿದರು. ಮುಂದಾಳು ಹೊಸ ಅಂಬಿಗನ ಕೈಯಲ್ಲಿ ಹೊಳೆ ದಾಟಿ ಬಂದರು. ಇಳಿದಾಗ ಅವರ ಧೋತರ ಮೊಣಕಾಲಿನವರೆಗೆ ತೊಯ್ದಿತ್ತು. ತ್ಯಾಗದ ಬಗ್ಗೆ ಚೆನ್ನಾಗಿ ಮಾತಾಡಿದರು.

ಅತ್ತಿಗೆ ನನ್ನೊಡನೆ ಮಾತು ಬಿಟ್ಟಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅಣ್ಣ ಶಹಾಬಾದಿಗೆ ಹೋಗಿ ಪರಸಿ ಕಲ್ಲಿನ ಗಣಿಯಲ್ಲಿ ಹೊರುವ ಕೆಲಸ ಹಿಡಿದ. ಹುಟ್ಟಿದಾಗಿನಿಂದ ನೀರಿನ ಮೇಲಿದ್ದವನು.

ಆ ಚಳಿಗಾಲದಲ್ಲಿ ತಾಲೂಕಿನಿಂದ ಒಂದು ನಮೂನೆ ಬಂತು. ದೇಶಕ್ಕಾಗಿ ಕಷ್ಟಪಟ್ಟವರ ಯಾದಿ ಮಾಡಬೇಕು, ಪಟ್ಟ ಕಷ್ಟ ಬರೆಯಬೇಕು, ಕಣ್ಣಾರೆ ಕಂಡವರೊಬ್ಬರ ಸಾಕ್ಷಿ ಬೇಕು. ನಾನು ಖಾಕಿ ದಳದ ಕಾಟದಿಂದ ಮನೆ ತೊರೆದು ಹೊಳೆ ದಾಟಿ ಹೋದೆ ಎಂದು ಬರೆದೆ. ಒಂದಕ್ಷರವೂ ಸುಳ್ಳಲ್ಲ. ದಾಟಿಸಿದವನು ಒಬ್ಬನೇ. ಅವನು ಅಮಾವಾಸ್ಯೆಯ ರಜೆಗೆ ಮನೆಗೆ ಬಂದಾಗ, ಬಾಗಿಲ ಬಿಸಿಲಲ್ಲಿ ಕೂತಿದ್ದವನ ಮುಂದೆ ಕಾಗದ ಹಿಡಿದು ಓದಿ ಹೇಳಿದೆ. ಅವನು ಪೂರಾ ಕೇಳಿದ.

"ಸರಿ ಬರದಿ" ಎಂದ.

ನನಗೆ ತಡೆಯಲಾಗಲಿಲ್ಲ. "ಅಣ್ಣಾ, ಅವತ್ತ ಯಾಕ ಸುಡಲಿಲ್ಲ?"

"ವಾಡಿಯಿಂದ ತಂದ ದಿನ ನಿನ್ನ ಮಾರಿ ನೋಡಿದ್ನಲ್ಲ. ನೀ ಹುಟ್ಟಿದಾಗಿಂದ ಅಷ್ಟು ಖುಷಿಲೆ ಇದ್ದದ್ದು ನಾ ನೋಡಿದ್ದಿಲ್ಲ. ಅಂಜಿಕಿ ಹೋದ ಮ್ಯಾಲ ಇವ ಬಂದು ಕೇಳ್ತಾನ, ಆಗ ಎಲ್ಲಿಂದ ಕೊಡಲಿ ಅಂತ ಇಟ್ಟೆ."

ಅವನು ಪಕ್ಕದ ಕೊಡದ ಕಡೆ ನೋಡಿದ. ಅತ್ತಿಗೆ ಆಗತಾನೇ ಹೊಳೆಯಿಂದ ತಂದಿಟ್ಟದ್ದು.

"ಈಗರ ಆಣಿ ಬಿಡ್ತಿಯೇನು?" ಎಂದ. "ಹೆಂಡತಿ ಕೇಳ್ತಾಳ. ಅಕಿ ಒಬ್ಬಾಕಿಗಿ ಹೇಳ್ತೀನಿ, ಮತ್ಯಾರಿಗೂ ಇಲ್ಲ."

ಹೇಳಿ, ಎರಡೂ ಕೈ ಕೂಡಿಸಿ ಬೊಗಸೆ ಒಡ್ಡಿದ. ಕಲ್ಲು ಹೊತ್ತು ಅಂಗೈ ಒಡೆದಿದ್ದವು. ನಾನು ಅವುಗಳಲ್ಲಿ ಎಡಗೈಯನ್ನು ಹಿಡಿದು, ಹೆಬ್ಬೆರಳಿಗೆ ಮಸಿ ಹಚ್ಚಿ, ಕಾಗದದಲ್ಲಿ ಸಾಕ್ಷಿ ಒತ್ತುವ ಜಾಗ ತೋರಿಸಿದೆ. ಅವನು ಅಲ್ಲಿ ಒತ್ತಿದ.