ಸೊಪ್ಪು ನೋಡುತ್ತಿದ್ದ ನಾಲಗೆ

ಕಳೆದ ವಾರ ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ಬಸ್ಸಿನಲ್ಲಿ ಆ ವಾಸನೆ ಬಂತು. ಕೊಳೆತ ಬೆಳ್ಳುಳ್ಳಿಗೆ ಸೀಮೆಎಣ್ಣೆ ಬೆರೆಸಿದ ಹಾಗಿನ ವಾಸನೆ. ಯಾರದೋ ಚೀಲದಲ್ಲಿದ್ದ ಕೀಟನಾಶಕದ ಬಾಟಲಿಯ ಮುಚ್ಚಳ ಸಡಿಲವಾಗಿತ್ತು. ಜನ ಸೆರಗು, ಟವೆಲ್ಲು ಮೂಗಿಗೆ ಹಿಡಿದರು.

“ಯಾರ್ರೀ ಅದು, ಔಷ್ದಿ ತಂದಿರೋರು?” ಎಂದು ಕಂಡಕ್ಟರ್ ಕೂಗಿದರು.

“ಬದ್ನೆಕಾಯ್‌ಗೆ ಕಣಪ್ಪ,” ಎಂದರು ಹಿಂದಿನ ಸೀಟಿನಿಂದ ಒಬ್ಬ ಹೆಂಗಸು.

“ಬದ್ನೆಕಾಯ್‌ಗೋ ನಮ್ಗೋ? ಮುಚ್ಚಳ ಬಿಗಿಯಾಗ್ ತಿರುವಮ್ಮೋ!”

ಬಸ್ಸೆಲ್ಲ ನಕ್ಕಿತು. ನಾನು ಕಿಟಕಿಯ ಗಾಜು ಸರಿಸಿ ಮುಖವನ್ನು ಗಾಳಿಗೆ ಕೊಟ್ಟೆ. ನನ್ನ ಮಟ್ಟಿಗೆ ಅದು ಔಷಧಿಯ ವಾಸನೆಗಿಂತ ಹೆಚ್ಚಾಗಿ ಒಬ್ಬ ಮನುಷ್ಯನ ವಾಸನೆ. ನಮ್ಮ ಪಕ್ಕದ ಮನೆಯ ಮಾವನ ಅಂಗಿ ಎಷ್ಟು ಒಗೆದರೂ ಹೀಗೇ ನಾರುತ್ತಿತ್ತು...

ನಮ್ಮ ಊರು ಯಳಂದೂರು ತಾಲ್ಲೂಕಿನಲ್ಲಿದೆ. ಮಾವ ನಮಗೆ ಸಂಬಂಧಿಯಲ್ಲ. ಗೋಡೆಗೆ ಗೋಡೆ ತಾಗಿದ ಮನೆಯವರು, ಅಷ್ಟೆ. ಅವರಿಗೆ ಸ್ವಂತ ಜಮೀನಿರಲಿಲ್ಲ. ಬೆನ್ನಿಗೆ ಔಷಧಿಯ ಟ್ಯಾಂಕು ಕಟ್ಟಿಕೊಂಡು ಬೇರೆಯವರ ಹೊಲಕ್ಕೆ ಹೊಡೆಯುವುದೇ ಅವರ ಕೆಲಸವಾಗಿತ್ತು. ಹೊಲಕ್ಕೆ ಇಳಿಯುವ ಮೊದಲು ಒಂದು ಚಿಟಿಕೆ ಮಣ್ಣು ಮೇಲಕ್ಕೆ ತೂರಿ ಗಾಳಿ ಯಾವ ಕಡೆಗಿದೆ ಎಂದು ನೋಡುತ್ತಿದ್ದರು. ಗಾಳಿ ಎದುರಾಗಿದ್ದರೆ ಟ್ಯಾಂಕು ಇಳಿಸಿ ಕುಳಿತುಬಿಡುತ್ತಿದ್ದರು. ಜಮೀನಿನವರು ಎಷ್ಟು ಬೈದರೂ ಏಳುತ್ತಿರಲಿಲ್ಲ.

ಆದರೆ ಊರಿನಲ್ಲಿ ಅವರಿಗೆ ಹೆಸರು ಬಂದದ್ದು ಇನ್ನೊಂದು ಕೆಲಸದಿಂದ. ನಮ್ಮ ಕಡೆ ರೇಷ್ಮೆ ಸಾಕುವ ಮನೆಗಳು ಹೆಚ್ಚು. ಹಿಪ್ಪುನೇರಳೆ ಗಿಡಕ್ಕೆ ರೋಗವೋ ಹುಳವೋ ಬಿದ್ದರೆ ಔಷಧಿ ಹೊಡೆಯಲೇಬೇಕು. ಆದರೆ ಅದರ ಅಂಶ ಉಳಿದಿರುವ ಸೊಪ್ಪನ್ನು ರೇಷ್ಮೆಹುಳ ತಿಂದರೆ ಒಂದೇ ದಿನದಲ್ಲಿ ತಲೆ ಹೊರಳಿಸಿ, ಹಸಿರು ನೀರು ಕಾರಿ, ಮುದುಡಿ ಸಾಯುತ್ತದೆ. ಒಂದು ತಿಂಗಳ ದುಡಿಮೆಯೆಲ್ಲ ತಿಪ್ಪೆಗೆ ಹೋಗುತ್ತದೆ. ಅದಕ್ಕೇ ಸೊಪ್ಪು ಕೊಯ್ಯುವ ದಿನ ಬೆಳಿಗ್ಗೆ ಮಾವನನ್ನು ಕರೆಯುತ್ತಿದ್ದರು. ಅವರು ತೋಟದ ನಾಲ್ಕು ಮೂಲೆಗೂ ನಡುವಿಗೂ ಹೋಗಿ, ತುದಿಯಿಂದ ಮೂರನೆಯ ಎಲೆ ಕಿತ್ತು, ಬಾಯಿಗೆ ಹಾಕಿ ಅಗಿಯುತ್ತಿದ್ದರು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ನಾಲಗೆ ಚುರುಗುಟ್ಟಿದರೆ “ಇನ್ ಮೂರ್ ದಿನ ತಡೀರಿ” ಎನ್ನುತ್ತಿದ್ದರು. ಇಲ್ಲದಿದ್ದರೆ ಉಗಿದು, “ಕುಯ್ಕಳಿ” ಎನ್ನುತ್ತಿದ್ದರು. ಇದಕ್ಕೆ ಸೊಪ್ಪು ನೋಡುವುದು ಎಂದು ಹೆಸರು. ಅದಕ್ಕೆ ಅವರು ಏನನ್ನೂ ಪಡೆಯುತ್ತಿರಲಿಲ್ಲ. ಅವರು ನೋಡಿದ ಸೊಪ್ಪಿನಿಂದ ಹುಳ ಸತ್ತದ್ದನ್ನು ನಾನು ಕೇಳಿಲ್ಲ.

ಕೃಷಿ ಪದವಿ ಮುಗಿಸಿದ ಮೇಲೆ ನಾನು ಹನೂರಿನ ರೈತರ ಕಂಪನಿಯೊಂದರಲ್ಲಿ ತರಬೇತಿ ಕೊಡುವ ಕೆಲಸಕ್ಕೆ ಸೇರಿದೆ. ಆ ವರ್ಷವೇ ಕಂಪನಿ ಒಂದು ನಿಯಮ ಮಾಡಿತು. ಸದಸ್ಯರ ಜಮೀನಿಗೆ ಔಷಧಿ ಹೊಡೆಯುವವರು ತರಬೇತಿ ಪಡೆದು, ಪರೀಕ್ಷೆ ಪಾಸಾಗಿ, ಪ್ರಮಾಣಪತ್ರ ಹೊಂದಿರಬೇಕು. ಎರಡು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ನವೀಕರಣಕ್ಕೆ ಮಾಡಿದ ಕೆಲಸದ ಪುಸ್ತಕವನ್ನೂ ರಕ್ತಪರೀಕ್ಷೆಯ ವರದಿಯನ್ನೂ ಕೊಡಬೇಕು. ನಮ್ಮೂರಿನ ಜಮೀನಿನವರಲ್ಲಿ ಹೆಚ್ಚಿನವರು ಆ ಕಂಪನಿಯ ಸದಸ್ಯರಾಗಿದ್ದರು. ಪ್ರಮಾಣಪತ್ರ ಸಿಗದಿದ್ದರೆ ಮಾವನಿಗೆ ಬೇರೆ ಕೆಲಸವಿರಲಿಲ್ಲ.

ಅವರು ಮೊದಲ ತಂಡಕ್ಕೇ ಬಂದರು. ಬಸ್ಸಿನಲ್ಲಿ ನನ್ನನ್ನು ‘ಕೂಸೇ’ ಎನ್ನುವವರು ತರಗತಿಯ ಬಾಗಿಲು ದಾಟಿದ ಕೂಡಲೇ ‘ಮೇಡಂ’ ಎನ್ನುತ್ತಿದ್ದರು. ಮೊದಲ ದಿನವೇ ಎದ್ದು ನಿಂತು ಉಳಿದವರಿಗೆ ಹೇಳಿದರು: “ಮೊನ್ನೆವರ್ಗೂ ನಮ್ಮನೆ ಜಗ್ಲಿ ಮೇಲೆ ಕುಂತು ಮುದ್ದೆ ಉಣ್ತಿದ್ ಕೂಸು. ಇವತ್ತು ನಂಗೇ ಕೈಗವಸು ಆಕ್ಕಳಾದ್ ಏಳ್ಕೊಡ್ತದೆ, ನೋಡ್ರಪ್ಪ!”

ಮೂರನೆಯ ದಿನ ನಾನು ಒಂದು ಪ್ರಶ್ನೆ ಕೇಳಿದೆ. ಔಷಧಿ ಹೊಡೆದ ಹಿಪ್ಪುನೇರಳೆ ಸೊಪ್ಪು ಹುಳಕ್ಕೆ ಹಾಕಲು ಯೋಗ್ಯವಾಯಿತೆಂದು ಹೇಗೆ ತಿಳಿಯುತ್ತೀರಿ?

“ಅಗ್ದು ನೋಡ್ತೀನಿ ಮೇಡಂ,” ಎಂದರು ಮಾವ.

“ಅಂಗಾರೆ ಇವ್ರಿಗೆ ಮಧ್ಯಾನದ್ ಊಟ ಬ್ಯಾಡ ಕಣ್ರಿ, ಸೊಪ್ ಆಕಿ ಸಾಕು!” ಎಂದ ಹಿಂದಿನ ಬೆಂಚಿನವನೊಬ್ಬ. ಎಲ್ಲರೂ ನಕ್ಕರು. ಮಾವನೂ ನಕ್ಕರು.

ಸಂಜೆ ಬಸ್ ನಿಲ್ದಾಣದಲ್ಲಿ ನಾನು ಅವರಿಗೆ ಮೆಲ್ಲಗೆ ಹೇಳಿದೆ: “ಮಾವ, ಪರೀಕ್ಷೆಲಿ ಹಂಗೆ ಹೇಳ್ಬೇಡಿ. ಲೇಬಲ್ ಮೇಲೆ ಬರ್ದಿರೋ ದಿನ ಮುಗಿದ್ಮೇಲೆ ಅಂತ ಹೇಳಿ.”

“ಮಳೆ ಬಂದದಾ ಇಲ್ವಾ ಅಂತ ಲೇಬಲ್‌ಗೇನ್ ಗೊತ್ತು ಕೂಸೇ?”

“ಪಾಸಾಗ್ಬೇಕಲ್ಲ ಮಾವ.”

“ಆಯ್ತು ಬುಡು, ಅಂಗೇ ಏಳ್ತೀನಿ.”

ಅಗಿಯಬೇಡಿ ಎಂದು ನಾನು ಹೇಳಲಿಲ್ಲ. ಹಾಗೆ ಹೇಳಬೇಡಿ ಎಂದಷ್ಟೇ ಹೇಳಿದೆ. ಈ ಎರಡರ ನಡುವೆ ಎಷ್ಟು ದೂರವಿದೆ ಎಂದು ಆಗ ನನಗೆ ತೋಚಲಿಲ್ಲ... ಅವರು ಪಾಸಾಗಬೇಕು ಎಂಬುದೊಂದೇ ತಲೆಯಲ್ಲಿತ್ತು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಅದೇ ಪ್ರಶ್ನೆಯನ್ನು ಕೇಳಿದರು. ಮಾವ ಒಮ್ಮೆ ನನ್ನ ಕಡೆ ನೋಡಿ, ನಾನು ಕಲಿಸಿದ ಉತ್ತರವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದರು.

ಪ್ರಮಾಣಪತ್ರವನ್ನು ಅವರು ಮಡಿಸದೆ, ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಅಂಗಿಯೊಳಗೆ ಬೆನ್ನಿಗೆ ಒತ್ತಿಕೊಂಡು ಊರಿಗೆ ತಂದರು. ಆಮೇಲಿನ ಎರಡು ವರ್ಷ ಅವರು ಕೈಗವಸು, ಮುಖಗವಸು ಇಲ್ಲದೆ ಟ್ಯಾಂಕು ಹೊತ್ತದ್ದನ್ನು ನಾನು ನೋಡಲಿಲ್ಲ. ತಂಡದ ಉಳಿದವರಿಗೆ ಅವರನ್ನೇ ಉದಾಹರಣೆ ಕೊಡುತ್ತಿದ್ದೆ.

ನವೀಕರಣದ ಸಮಯ ಬಂತು. ಕೊಳ್ಳೇಗಾಲದಲ್ಲಿ ರಕ್ತ ಕೊಟ್ಟು ಬಂದ ಮೂರನೆಯ ದಿನ ವೈದ್ಯರು ಕಂಪನಿಗೆ ಫೋನ್ ಮಾಡಿದರು. ಫೋನ್ ಎತ್ತಿಕೊಂಡವಳು ನಾನೇ.

“ಈ ಮನುಷ್ಯ ವಿಷ ಕುಡಿದಿದ್ದು ಯಾವಾಗ?” ಎಂದು ಅವರು ಕೇಳಿದರು.

ಇಲ್ಲ ಸರ್, ನವೀಕರಣದ ಪರೀಕ್ಷೆ ಅಷ್ಟೆ, ಎಂದೆ. ಅವರು ವರದಿಯನ್ನು ಓದಿ ಹೇಳಿದರು. ನರಗಳ ಕೆಲಸಕ್ಕೆ ಬೇಕಾದ ಒಂದು ಕಿಣ್ವ ರಕ್ತದಲ್ಲಿರುತ್ತದೆ. ಈ ಜಾತಿಯ ಔಷಧಿಗಳು ದೇಹಕ್ಕೆ ಸೇರಿದಾಗ ಅದು ಇಳಿಯುತ್ತದೆ. ಮಾವನ ರಕ್ತದಲ್ಲಿ ಅದು ಎಷ್ಟು ಇಳಿದಿತ್ತೆಂದರೆ, ಇಷ್ಟರಲ್ಲಿ ಅವರು ನಡೆದಾಡುತ್ತಿರುವುದೇ ಆಶ್ಚರ್ಯ ಎಂದರು ವೈದ್ಯರು. ಇಷ್ಟು ಜಾಗ್ರತೆಯಿಂದ ಹೊಡೆಯುವವರ ಮೈಗೆ ಅಷ್ಟೊಂದು ವಿಷ ಯಾವ ದಾರಿಯಿಂದ ಹೋಯಿತು?

ಉತ್ತರ ನನ್ನ ಮೇಜಿನ ಮೇಲೆಯೇ ಇತ್ತು. ಅರ್ಜಿಯ ಜೊತೆ ಅವರು ಕೊಟ್ಟಿದ್ದ ಕೆಲಸದ ಪುಸ್ತಕ. ಯಾರ ಜಮೀನು, ಯಾವ ಔಷಧಿ, ಯಾವ ದಿನ ಎಂಬ ಕಾಲಂಗಳು ಅದರಲ್ಲಿ ಮೊದಲೇ ಅಚ್ಚಾಗಿದ್ದವು. ಮಾವ ಅಂಚಿನಲ್ಲಿ ಪೆನ್ನಿನಿಂದ ಇನ್ನೊಂದು ಗೆರೆ ಎಳೆದು, ತಾವೇ ಒಂದು ಕಾಲಂ ಮಾಡಿಕೊಂಡಿದ್ದರು. ಅದರಲ್ಲಿ ಪುಟದಿಂದ ಪುಟಕ್ಕೆ ಒಂದೇ ಪದ: ನೋಡ್ದೆ. ನೋಡ್ದೆ. ನೋಡ್ದೆ. ಅವರು ಔಷಧಿ ಹೊಡೆಯದ ತೋಟಗಳೂ ಅಲ್ಲಿದ್ದವು. ಯಳಂದೂರು ಕಡೆಯವು ಮಾತ್ರವಲ್ಲ, ಹನೂರಿನವು, ಕಾಡಂಚಿನ ಊರು ಹೂಗ್ಯದವು. ಒಂದೊಂದು ದಿನ ಐದು, ಆರು ತೋಟ.

ಮೊದಲು ನಮ್ಮೂರಿನವರು ಮಾತ್ರ ಅವರನ್ನು ಕರೆಯುತ್ತಿದ್ದರು. ಪ್ರಮಾಣಪತ್ರ ಬಂದ ಮೇಲೆ, ಪರೀಕ್ಷೆ ಪಾಸಾದ ನಾಲಗೆ ಎಂದು ಎರಡು ತಾಲ್ಲೂಕಿನ ಜನ ಕರೆಯತೊಡಗಿದ್ದರು. ನಾನು ಕೊಡಿಸಿದ ಕಾಗದವೇ ಅವರ ಬಾಯಿಗೆ ಅಷ್ಟೊಂದು ಎಲೆಗಳನ್ನು ತಂದು ತುಂಬಿತ್ತು. ಪುಸ್ತಕವನ್ನು ಮುಚ್ಚಿದೆ. ಮತ್ತೆ ತೆರೆದು ಮೊದಲಿನಿಂದ ಓದಿದೆ...

ನವೀಕರಣದ ಅರ್ಜಿಯ ಕೊನೆಯಲ್ಲಿ ಎರಡು ಚೌಕಗಳಿರುತ್ತವೆ. ಅರ್ಹ, ಅನರ್ಹ. ಗುರುತು ಹಾಕಬೇಕಾದವಳು ನಾನು. ಎರಡನೆಯದಕ್ಕೆ ಹಾಕಿದೆ. ಅದನ್ನು ನಾನೇ ಹೋಗಿ ಹೇಳಬೇಕೆನಿಸಿ ಆ ಭಾನುವಾರ ಊರಿಗೆ ಹೋದೆ. ಮಾವ ಜಗಲಿಯ ಮೇಲೆ ಕುಳಿತು ಕೊನೆಯವರೆಗೂ ಕೇಳಿಸಿಕೊಂಡರು. ಟ್ಯಾಂಕು ಹೊರಬೇಡಿ, ಸೊಪ್ಪನ್ನಂತೂ ಬಾಯಿಗೆ ಹಾಕಲೇಬೇಡಿ ಎಂದೆ. ಎರಡು ವರ್ಷದ ಹಿಂದೆ ಹೇಳಬೇಕಿದ್ದ ಮಾತು. ಕಂಪನಿಯ ಗೋದಾಮಿನಲ್ಲಿ ಅವರಿಗೊಂದು ಕೆಲಸ ಕೇಳಿದ್ದೇನೆ ಎಂದೂ ಹೇಳಿದೆ.

“ಮತ್ತೆ ಸೊಪ್ ನೋಡೋರ್ಯಾರು?”

“ಹತ್ತು ಹುಳಕ್ಕೆ ಮೊದ್ಲು ಹಾಕಿ ನೋಡ್ಲಿ ಮಾವ. ಒಂದು ದಿನ ಬದುಕಿದ್ರೆ ಉಳಿದಿದ್ದಕ್ಕೆ ಹಾಕ್ಲಿ.”

ಅವರು ನನ್ನನ್ನು ಮೊದಲ ಸಲ ಕಾಣುತ್ತಿರುವವರಂತೆ ನೋಡಿದರು. “ಹುಳಾನ್ ಕೊಂದು ನೋಡಾದಾ?”

“ಗೂಡು ಕಟ್ಟಿದ ಮೇಲೆ ಹೆಂಗೂ ಬೇಯಿಸ್ತಾರಲ್ಲ ಮಾವ.”

“ಗೂಡ್ ಕಟ್ಟುದ್ಮೇಲೆ ಬೇಯ್ಸಾದ್ ಬ್ಯಾರೆ ಕಣವ್ವ. ಉಣ್ಣಾಕ್ ಕುಂತಿರೋವಾಗ ವಿಷ ಇಕ್ಕಾದ್ ಬ್ಯಾರೆ.”

ಅವರು ಒಳಗೆ ಹೋಗಿ ಪ್ರಮಾಣಪತ್ರ ತಂದು, ಕವರಿನ ಸಮೇತ ನನ್ನ ಕೈಗಿಟ್ಟರು. ಕೋಪವಿರಲಿಲ್ಲ. “ಇದು ನಿಮ್ಮ ಕಂಪ್ನಿದು, ತಕಂಡೋಗು,” ಎಂದರು. ಮರುದಿನದಿಂದ ಟ್ಯಾಂಕು ಹೊರುವುದನ್ನು ಬಿಟ್ಟರು. ಸೊಪ್ಪು ನೋಡುವುದನ್ನು ಬಿಡಲಿಲ್ಲ. ಅದಕ್ಕೆ ಯಾವ ಪ್ರಮಾಣಪತ್ರವೂ ಬೇಕಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅವರು ಮೂರು ತೋಟಗಳ ಸೊಪ್ಪು ನೋಡಿ ಮನೆಗೆ ಬಂದು, ಯಾಕೋ ಬೆವರು ಎಂದು ಕುಳಿತವರು ಮತ್ತೆ ಏಳಲಿಲ್ಲ. ಆಸ್ಪತ್ರೆ ತಲುಪುವ ಮೊದಲೇ ತೀರಿಕೊಂಡರು. ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ ಹೃದಯಾಘಾತ ಎಂದು ಬರೆದಿತ್ತು. ಇರಬಹುದು. ಅವರ ಹೆಂಡತಿ, ನಾವು ಅತ್ತೆ ಎಂದು ಕರೆಯುವವರು, ನನ್ನ ಕೈ ಹಿಡಿದು ಕೇಳಿದರು: “ಬಾಯಲ್ ಜೊಲ್ಲು ನಿಲ್ನೇ ಇಲ್ಲ ಕೂಸೇ. ಕಣ್ ಪಾಪೆ ಸಾಸ್ವೆ ಕಾಳಿಗಿಂತ ಸಣ್ಣಕಾಗಿತ್ತು. ನೀನು ಓದ್ದೋಳು, ಅಂಗ್ಯಾಕಾಯ್ತದೆ?”

ಅಂಥ ಲಕ್ಷಣಗಳು ಏಕೆ ಕಾಣಿಸುತ್ತವೆ ಎಂಬುದು ತರಬೇತಿಯ ಎರಡನೆಯ ದಿನದ ಪಾಠ. ನಾನೇ ಅದನ್ನು ಹೇಳಿಕೊಡುತ್ತೇನೆ. ಗೊತ್ತಿಲ್ಲ ಅತ್ತೆ, ಎಂದೆ.

ಕಳೆದ ವಾರ ಹನೂರಿನಲ್ಲಿ ಬಸ್ಸಿಳಿದು ನಾನು ಹೋದದ್ದು ಹೊಸ ತಂಡದ ತರಗತಿಗೆ. ಈ ಸಲ ಅದರಲ್ಲಿ ಹೆಂಗಸರೂ ಇದ್ದಾರೆ. ಸೊಪ್ಪು ಯೋಗ್ಯವಾಯಿತೆಂದು ಹೇಗೆ ತಿಳಿಯುತ್ತೀರಿ ಎಂದು ಕೇಳಿದೆ. ಹೂಗ್ಯದ ಹೆಂಗಸೊಬ್ಬರು ಎದ್ದು ನಿಂತರು. ಹೆಚ್ಚುಕಡಿಮೆ ನನ್ನದೇ ವಯಸ್ಸು.

“ಅಗ್ದು ನೋಡ್ತೀವಿ ಮೇಡಂ.”

ಯಾರು ಹೇಳಿಕೊಟ್ಟರು ಎಂದೆ. ಕೇಳುವ ಮೊದಲೇ ನನಗೆ ಗೊತ್ತಾಗಿತ್ತು.

“ಯಳಂದೂರ್ ಕಡೆಯಿಂದ ಒಬ್ರು ಬರೋರು. ಅವ್ರು ಏಳ್ಕೊಡ್ನಿಲ್ಲ, ನಾವೇ ನೋಡ್ ಕಲ್ತಿದ್ದು. ಅವ್ರು ಇದ್ದಾಗ ನಮ್ಮನ್ನ ಬಾಯ್ಗೆ ಇಕ್ಕಾಕೆ ಬುಡ್ತಿರ್ನಿಲ್ಲ. ‘ಇದು ವಿಷ ಕಣ್ರವ್ವ, ಒಬ್ಬನ್ ಒಟ್ಟೆಗ್ ಓದ್ರೆ ಸಾಕು, ಮಕ್ಳುಮರಿ ಇರೋರು ನೀವ್ಯಾರೂ ಮುಟ್‌ಬ್ಯಾಡಿ’ ಅಂತಿದ್ರು. ಈಗ ಅವ್ರಿಲ್ವಲ್ಲ ಮೇಡಂ...”

ಮಾವನಿಗೆ ತಿಳಿದಿರಲಿಲ್ಲ, ತಿಳಿಸಬೇಕಾದವಳು ನಾನು ತಿಳಿಸಲಿಲ್ಲ ಎಂದುಕೊಂಡೇ ಈವರೆಗೆ ಅವರನ್ನು ನೆನೆಯುತ್ತಿದ್ದೆ. ಅವರಿಗೆ ತಿಳಿದಿತ್ತು. ಮೊದಲಿನಿಂದಲೂ ತಿಳಿದಿತ್ತೇನೋ... ತಿಳಿದೇ ಒಂದೊಂದು ತೋಟಕ್ಕೂ ಹೋಗಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು.

“ಹೀಗೆ ಅಗಿದು ನೋಡೋರು ಇನ್ನೂ ಯಾರಿದ್ದೀರಿ? ಕೈ ಎತ್ತಿ,” ಎಂದೆ.

ಒಂದು ಕೈ ಎದ್ದಿತು. ಅದರ ಪಕ್ಕದಲ್ಲಿ ಇನ್ನೊಂದು. ಹಿಂದಿನ ಬೆಂಚಿನಿಂದ ಎರಡು. ಒಟ್ಟು ಒಂಬತ್ತು. ಯಾರೂ ನಗಲಿಲ್ಲ. ನಾನು ಎಣಿಸಿದೆ, ಮತ್ತೊಮ್ಮೆ ಎಣಿಸಿದೆ. ಆಮೇಲೆ ಪಾಠದ ಪುಸ್ತಕ ಮುಚ್ಚಿ, ಆ ಮನುಷ್ಯ ನಮ್ಮ ಪಕ್ಕದ ಮನೆಯವರು ಎಂದು ಶುರುಮಾಡಿದೆ. ಅವರ ರಕ್ತದ ವರದಿ, ಆ ಬೆಳಗಿನ ಬೆವರು, ನಿಲ್ಲದ ಜೊಲ್ಲು, ಸಾಸಿವೆ ಕಾಳಿಗಿಂತ ಸಣ್ಣದಾದ ಪಾಪೆ, ಪರೀಕ್ಷೆಯಲ್ಲಿ ಹಾಗೆ ಹೇಳಬೇಡಿ ಎಂದ ನನ್ನ ಮಾತು, ಅತ್ತೆಯ ಎದುರು ಹೇಳದೆ ಉಳಿಸಿಕೊಂಡದ್ದು, ಎಲ್ಲವನ್ನೂ ಹೇಳಿದೆ. ಮುಗಿಸಿ ತಲೆ ಎತ್ತಿದಾಗ ಆ ಒಂಬತ್ತು ಕೈಗಳು ಇನ್ನೂ ಮೇಲೆಯೇ ಇದ್ದವು. ಇಳಿಸಿ ಎಂದು ಹೇಳಲು ನಾನು ಮರೆತಿದ್ದೆ.